ಬಯಲಲ್ಲಿ ಹಾಡು ಕೇಳಲು ಜಾಗ ಹಿಡಿಯುವುದು ಹೇಗೆ?

ಕೊಪ್ಪಳದ ಗವಿಮಠದ ಜಾತ್ರೆಯಿರಲಿ, ಆನೆಗೊಂದಿ ಅಥವಾ ಕನಕಗಿರಿಯ ಉತ್ಸವವಿರಲಿ, ಬಳ್ಳಾರಿಯ ಯಾವುದೋ ಬಯಲಿನ ರಸಮಂಜರಿಯಿರಲಿ, ವೇದಿಕೆ ಮೇಲೆ ಹಾಡುವುದು ಒಂದು ಹಾಡು, ಕೆಳಗೆ ಕೇಳುವುದು ಹತ್ತು ಹಾಡು. ಸ್ಪೀಕರ್ ಪೆಟ್ಟಿಗೆಯ ಬುಡದಲ್ಲಿ ನಿಂತವರಿಗೆ ಢೋಲಕ್ ಮಾತ್ರ ಕೇಳುತ್ತದೆ. ನಟ್ಟನಡುವೆ ಕೂತವರಿಗೆ ಎದೆ ಅದುರುತ್ತದೆ. ಹಿಂದೆ ಮಿರ್ಚಿ ಅಂಗಡಿಯ ಹತ್ತಿರ ನಿಂತವರಿಗೆ ರಾಗ ಬರುತ್ತದೆ, ಸಾಹಿತ್ಯ ಬರುವುದಿಲ್ಲ. ಇದರಲ್ಲಿ ಹಾಡುವವರ ಪಾಲು ಕಡಿಮೆ. ದೂರ, ಗಾಳಿ, ಬಂಡೆ, ಮುಂದೆ ಕೂತ ಜನ, ಎರಡು ಪೆಟ್ಟಿಗೆಗಳ ನಡುವಿನ ಅಂತರ, ಇವುಗಳ ಪಾಲೇ ಹೆಚ್ಚು. ಮೆಚ್ಚಿದ ಹಾಡೊಂದನ್ನು ಎದುರಿಗೇ ಕೇಳಬೇಕೆಂದು ಊರಿಂದ ಬಸ್ಸು ಹತ್ತಿ ಬರುವವರು ಈ ಲೆಕ್ಕ ತಿಳಿದುಕೊಂಡರೆ ಚಾಪೆ ಹಾಸುವ ಜಾಗವನ್ನೇ ಬದಲಿಸುತ್ತಾರೆ.

ಮೊದಲು ದೂರದ ಲೆಕ್ಕ. ಬಯಲಲ್ಲಿ ಒಂದು ಪೆಟ್ಟಿಗೆಯಿಂದ ಹೊರಟ ಸದ್ದು ಎಲ್ಲ ಕಡೆ ಹರಡಿಕೊಳ್ಳುವುದರಿಂದ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಇಳಿಯುತ್ತದೆ. 1 ಮೀಟರ್ ಹತ್ತಿರ 120 ಡೆಸಿಬೆಲ್ ಇದ್ದದ್ದು 4 ಮೀಟರಿಗೆ 108, 16 ಮೀಟರಿಗೆ 96, 64 ಮೀಟರಿಗೆ 84. ಹಿಂದಿನವರಿಗೆ ಕೇಳಲೆಂದು ವಾಲ್ಯೂಮ್ ಏರಿಸಿದರೆ ಮುಂದಿನವರ ಕಿವಿಗೆ ಪೆಟ್ಟು. ದೊಡ್ಡ ಉತ್ಸವಗಳಲ್ಲಿ ಬಾಳೆಗೊನೆಯಂತೆ ಮೇಲಿಂದ ತೂಗುಬಿಟ್ಟಿರುವ ಸಾಲುಪೆಟ್ಟಿಗೆಗಳನ್ನು ನೋಡಿರುತ್ತೀರಿ. ಒಂದರ ಕೆಳಗೊಂದು ಪೋಣಿಸಿದ ಪೆಟ್ಟಿಗೆಗಳು ಕೂಡಿ ಸದ್ದನ್ನು ಮೇಲೆ ಕೆಳಗೆ ಚೆಲ್ಲದೆ ಮುಂದಕ್ಕೆ ದೂಡುತ್ತವೆ. ಸಾಲು ಸಾಕಷ್ಟು ಉದ್ದವಿದ್ದರೆ ಒಂದು ಮಿತಿಯವರೆಗೆ ದೂರ ಇಮ್ಮಡಿಯಾದಾಗ ಇಳಿಕೆ 6ರ ಬದಲು 3 ಡೆಸಿಬೆಲ್ಲಿನಷ್ಟೇ ಇರುತ್ತದೆ.

ಬೇಸ್‌ನ, ಅಂದರೆ ಗುಮ್ಮೆನ್ನುವ ತಗ್ಗು ಸದ್ದಿನ, ಕತೆ ಬೇರೆ, ಹೆಚ್ಚು ಕೆಡುವುದೂ ಅಲ್ಲೇ. 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಸದ್ದಿನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ವೇದಿಕೆಯ ಎಡಬಲದಲ್ಲಿ 12 ಮೀಟರ್ ಅಂತರದಲ್ಲಿ ಬೇಸ್ ಪೆಟ್ಟಿಗೆಗಳಿವೆ, ನೀವು 15 ಮೀಟರ್ ಹಿಂದೆ ಇದ್ದೀರಿ ಎಂದುಕೊಳ್ಳಿ. ನಡುಗೆರೆಯ ಮೇಲೆ ಎರಡೂ ಕಡೆಯ ಅಲೆ ಒಟ್ಟಿಗೆ ಬಂದು ಸೇರುತ್ತವೆ, ಬೇಸ್ ಜೋರು. ಅಲ್ಲಿಂದ 5 ಮೀಟರ್ ಪಕ್ಕಕ್ಕೆ ಸರಿಯಿರಿ. ಈಗ ಒಂದು ಪೆಟ್ಟಿಗೆ ಇನ್ನೊಂದಕ್ಕಿಂತ ಮೂರೂವರೆ ಮೀಟರ್ ದೂರ, ಅಂದರೆ ಅರ್ಧ ಅಲೆಯಷ್ಟು. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು 50 ಹರ್ಟ್ಸ್ ಬಹುತೇಕ ಅಳಿಸಿಹೋಗುತ್ತದೆ. 12 ಮೀಟರ್ ಸರಿದರೆ ಮತ್ತೆ ಬರುತ್ತದೆ. ಡೊಳ್ಳಿನ ಗುಮ್ಮೆನ್ನುವ ಪೆಟ್ಟು ಒಂದು ಕಡೆ ಇದ್ದು ನಾಲ್ಕು ಹೆಜ್ಜೆ ಆಚೆ ಇಲ್ಲದಿರುವುದು ಇದಕ್ಕೇ. ಮೈಕ್‌ಸೆಟ್‌ನವರು ಬೇಸ್ ಪೆಟ್ಟಿಗೆಗಳನ್ನೆಲ್ಲ ವೇದಿಕೆಯ ಮುಂದೆ ನಡುವಿಗೇ ಕೂಡಿಸಿ ಇಟ್ಟರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಕುಣಿಯುವವರಿಗೆ ಜಾಗ ಬೇಕೆಂದು ಹಾಗೆ ಇಡುವುದು ಕಡಿಮೆ.

ಇನ್ನು ಮಾತಿನ ಸ್ಪಷ್ಟತೆ. ಹಾಡಿನ ಸ್ವರಗಳು ಕೆಳಗಿನ ಆವರ್ತನದಲ್ಲಿವೆ. ಸಾಹಿತ್ಯ ತಿಳಿಯುವುದು ಮಾತ್ರ ಬಹುಪಾಲು 2000 ಹರ್ಟ್ಸ್‌ಗಿಂತ ಮೇಲಿನ ವ್ಯಂಜನಗಳಿಂದ. ಸ, ಶ, ಚ ಇನ್ನೂ ಮೇಲೆ. ಈ ಸಣ್ಣ ಅಲೆಗಳು ಅಡ್ಡ ಬಂದದ್ದನ್ನು ಬಳಸಿಕೊಂಡು ಹೋಗಲಾರವು. ಮುಂದಿನವರ ತಲೆ, ರುಮಾಲು, ಹೆಗಲ ಮೇಲೆ ಕೂತ ಮಗು, ಎಲ್ಲವೂ ತಡೆಯುತ್ತವೆ. ಪೆಟ್ಟಿಗೆ ನೆಲದ ಮೇಲಿದ್ದರೆ ಮೂರನೇ ಸಾಲಿಗೇ ಮಾತು ಮಬ್ಬಾಗುತ್ತದೆ. ನಿಂತವರ ತಲೆಗಿಂತಲೂ ಒಂದು ಮೀಟರಾದರೂ ಮೇಲೆ ಏರಿಸಿ ತುಸು ಕೆಳಗೆ ಬಾಗಿಸಿದರೆ ಅದೇ ಪೆಟ್ಟಿಗೆ ಇಡೀ ಬಯಲಿಗೆ ಸಾಹಿತ್ಯ ಮುಟ್ಟಿಸುತ್ತದೆ. ಜಾಗ ಹುಡುಕುವವರಿಗೆ ಸುಲಭದ ಪರೀಕ್ಷೆಯೊಂದಿದೆ: ಪೆಟ್ಟಿಗೆಯ ಮೇಲ್ಭಾಗದ ತುತ್ತೂರಿಯ ಬಾಯಿ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಮಾತು ಕೇಳದು.

ನಮ್ಮ ಸೀಮೆಯ ಒಣಹವೆಯೂ ಇದರಲ್ಲಿ ಕೈ ಹಾಕುತ್ತದೆ. ಒಣ ಗಾಳಿ ಸದ್ದನ್ನು ಸಲೀಸಾಗಿ ಒಯ್ಯುತ್ತದೆ ಎಂಬುದು ಹಲವರ ನಂಬಿಕೆ. ಮೇಲಿನ ಆವರ್ತನಗಳ ಮಟ್ಟಿಗೆ ಇದು ತಿರುವುಮುರುವು. 20 ಡಿಗ್ರಿ ಉಷ್ಣತೆ, ಶೇ. 70 ತೇವ ಇದ್ದಾಗ 4000 ಹರ್ಟ್ಸ್ ಸದ್ದು 100 ಮೀಟರ್ ಸಾಗುವಾಗ ಗಾಳಿ ಹೀರುವುದು ಸುಮಾರು 2.3 ಡೆಸಿಬೆಲ್. 15 ಡಿಗ್ರಿ, ಶೇ. 20 ತೇವದಲ್ಲಿ ಅದೇ ದೂರಕ್ಕೆ ಸುಮಾರು 9 ಡೆಸಿಬೆಲ್. ದೂರದಿಂದಾಗುವ ಇಳಿಕೆಯ ಮೇಲೆ ಇದು ಹೆಚ್ಚಿನ ಕಡಿತ. ಅದಕ್ಕೇ ಒಣಗಾಳಿಯ ದಿನ ಬಯಲಿನ ಕೊನೆಯಲ್ಲಿ ಸಾಹಿತ್ಯ ಮೊದಲು ಸಾಯುತ್ತದೆ, ಬೇಸ್ ಕೊನೆಗೆ.

ಹಿಂದಿನವರಿಗೂ ಕೇಳಲೆಂದು 60 ಮೀಟರ್ ಆಚೆ ಎರಡನೇ ಜೋಡಿ ಪೆಟ್ಟಿಗೆ ನಿಲ್ಲಿಸುವುದುಂಟು. ತಂತಿಯಲ್ಲಿ ಸಂಕೇತ ಕಣ್ಣು ಮಿಟುಕಿಸುವುದರೊಳಗೆ ಅಲ್ಲಿಗೆ ಮುಟ್ಟುತ್ತದೆ. ಗಾಳಿಯಲ್ಲಿ ಹೊರಟ ಸದ್ದು ಸೆಕೆಂಡಿಗೆ ಸುಮಾರು 346 ಮೀಟರ್ ವೇಗದಲ್ಲಿ ನಡೆದು ಬರಲು 173 ಮಿಲಿಸೆಕೆಂಡ್ ಬೇಕು. ಹಾಗೇ ಬಿಟ್ಟರೆ ಹಿಂದಿನವರಿಗೆ ಪ್ರತಿ ಅಕ್ಷರವೂ ಎರಡು ಸಲ ಕೇಳುತ್ತದೆ. ದ್ರುತ್ ಲಯದಲ್ಲಿ ನಿಮಿಷಕ್ಕೆ 240 ಮಾತ್ರೆ ಓಡುವಾಗ ಎರಡು ಮಾತ್ರೆಗಳ ನಡುವೆ ಇರುವುದೇ 250 ಮಿಲಿಸೆಕೆಂಡ್, ತಬಲಾದ ಬೋಲ್ ಎಲ್ಲ ಕಲಸಿಹೋಗುತ್ತದೆ. ಜಾತ್ರೆಯ ದಾರಿಯುದ್ದಕ್ಕೂ ಕಂಬಕ್ಕೊಂದು ತುತ್ತೂರಿ ಕಟ್ಟಿದ ಕಡೆ ಭಜನೆ ಅರ್ಥವಾಗದಿರುವುದಕ್ಕೂ ಇದೇ ಕಾರಣ. ಪರಿಹಾರ ಕಷ್ಟದ್ದಲ್ಲ. ಈಗಿನ ಡಿಜಿಟಲ್ ಮಿಕ್ಸರ್‌ನಲ್ಲಿ (ಎಲ್ಲ ಮೈಕುಗಳ ಸದ್ದನ್ನು ಕೂಡಿಸಿ ಹೊಂದಿಸುವ ಯಂತ್ರ) ಹಿಂದಿನ ಪೆಟ್ಟಿಗೆಗಳಿಗೆ 173 ಮಿಲಿಸೆಕೆಂಡ್ ತಡ ಕೊಟ್ಟು, ಅದರ ಮೇಲೆ ಇನ್ನೂ 10–15 ಸೇರಿಸಬೇಕು. ಆ ಸೇರಿಕೆಗೆ ಆಧಾರ ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದ ಸಂಗತಿ: ಒಂದೇ ಸದ್ದು ಸುಮಾರು 30 ಮಿಲಿಸೆಕೆಂಡಿನೊಳಗೆ ಎರಡು ಸಲ ಬಂದರೆ ಕಿವಿ ಅವನ್ನು ಒಂದೇ ಎಂದು ತಿಳಿಯುತ್ತದೆ, ಮೊದಲು ಬಂದ ದಿಕ್ಕಿಗೇ ಅದನ್ನು ಹಚ್ಚುತ್ತದೆ. ಹಾಗಾಗಿ ಪಕ್ಕದ ಪೆಟ್ಟಿಗೆ ಜೋರಾಗಿ ನುಡಿದರೂ ಹಾಡು ವೇದಿಕೆಯಿಂದಲೇ ಬಂದಂತಿರುತ್ತದೆ.

ಬಂಡೆಗಳನ್ನು ಮರೆಯುವಂತಿಲ್ಲ. ಆನೆಗೊಂದಿಯ ಗ್ರಾನೈಟ್ ಗುಡ್ಡಗಳು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ನುಂಗುತ್ತವೆ, ಉಳಿದದ್ದನ್ನು ತಿರುಗಿ ಎಸೆಯುತ್ತವೆ. ನಿಮ್ಮ ಬೆನ್ನ ಹಿಂದೆ 100 ಮೀಟರ್ ದೂರದಲ್ಲಿ ಅಂಥದ್ದೊಂದು ಬಂಡೆಗೋಡೆ ಇದ್ದರೆ ಅರ್ಧ ಸೆಕೆಂಡು ದಾಟಿ ಹಾಡು ವಾಪಸ್ಸು ಬರುತ್ತದೆ. ವಿಲಂಬಿತ ಆಲಾಪಕ್ಕೆ ಇದು ಸೊಗಸು, ಹಲಗೆ ಮೇಳಕ್ಕೆ ಶತ್ರು. ಆಯೋಜಕರು ಪೆಟ್ಟಿಗೆಯ ಮುಖವನ್ನು ಬಂಡೆಗೆ ನೇರವಾಗಿ ಹಿಡಿಯದೆ ಓರೆ ಮಾಡಿದರೆ ಪ್ರತಿಧ್ವನಿ ಜನರಿಲ್ಲದ ಕಡೆ ಹೋಗುತ್ತದೆ.

ಹಗಲಿಗೂ ರಾತ್ರಿಗೂ ಸದ್ದಿನ ದಾರಿ ಬೇರೆ. ಬಿಸಿಲಿಗೆ ಕಾದ ನೆಲದ ಹತ್ತಿರ ಗಾಳಿ ಬಿಸಿ, ಮೇಲೆ ತಂಪು. ಬಿಸಿಗಾಳಿಯಲ್ಲಿ ಸದ್ದಿನ ವೇಗ ಹೆಚ್ಚಿರುವುದರಿಂದ ಅಲೆ ಮೇಲಕ್ಕೆ ಬಾಗಿ ಕೇಳುಗರ ತಲೆಯ ಮೇಲೆ ಹಾರಿಹೋಗುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು ಪರಿಸ್ಥಿತಿ ತಲೆಕೆಳಗಾಗುತ್ತದೆ, ಅಲೆ ನೆಲದತ್ತ ಬಾಗುತ್ತದೆ. ಹಗಲು ಕೇಳದ ಪಕ್ಕದೂರಿನ ಭಜನೆ ರಾತ್ರಿ ಅಂಗಳದಲ್ಲೇ ನಡೆದಂತೆ ಕೇಳುವುದು ಇದರಿಂದ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಎನ್ನುವ 2000ದ ಶಬ್ದಮಾಲಿನ್ಯ ನಿಯಮ (ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ) ಮಲಗುವ ಹೊತ್ತನ್ನು ಕಾಯುವುದರ ಜೊತೆಗೆ ಸದ್ದು ಅತಿ ದೂರ ಹೋಗುವ ಹೊತ್ತನ್ನೂ ತಡೆಯುತ್ತದೆ. ಗಾಳಿ ಬೀಸುತ್ತಿದ್ದರೆ ವೇದಿಕೆಯಿಂದ ನಿಮ್ಮ ಕಡೆಗೆ ಬೀಸುವಂತೆ ಕೂರಿ. ಎದುರುಗಾಳಿಯಲ್ಲಿ ಹಿಂದಿನ ಸಾಲುಗಳಿಗೆ ಸದ್ದಿನ ನೆರಳು ಬೀಳುತ್ತದೆ.

ಅದೇ ಚಳಿ ವೇದಿಕೆಯ ಮೇಲೂ ಆಟವಾಡುತ್ತದೆ, ಮತ್ತು ಸಂಗೀತಪ್ರಿಯರು ಗಮನಿಸಲೇಬೇಕಾದ ವಿಷಯ ಇದು. ಸಂಜೆ 30 ಡಿಗ್ರಿ ಇದ್ದದ್ದು ರಾತ್ರಿ 20ಕ್ಕೆ ಇಳಿಯಿತೆನ್ನಿ. ಕೊಳಲಿನ ಶ್ರುತಿ ಅದರೊಳಗಿನ ಗಾಳಿಯಲ್ಲಿ ಸದ್ದಿನ ವೇಗವನ್ನು ಅವಲಂಬಿಸಿದೆ, ಡಿಗ್ರಿಗೆ ಸುಮಾರು 3 ಸೆಂಟ್‌ನಂತೆ (ಅರ್ಧಸ್ವರಕ್ಕೆ 100 ಸೆಂಟ್) ಇಳಿಯುತ್ತದೆ. 10 ಡಿಗ್ರಿಗೆ 30 ಸೆಂಟ್. ಊದುವವರ ಉಸಿರಿನ ಬಿಸಿ ಸ್ವಲ್ಪ ಸರಿದೂಗಿಸಿದರೂ ಉಳಿದದ್ದು ಕಿವಿಗೆ ಚುಚ್ಚುವಷ್ಟಿರುತ್ತದೆ. ತಂಬೂರಿಯ ಲೋಹದ ತಂತಿ ಚಳಿಗೆ ಕುಗ್ಗಿ ಬಿಗಿಯಾಗುತ್ತದೆ, ಶ್ರುತಿ ಏರುತ್ತದೆ. ತಬಲಾದ ಚರ್ಮ ಇಬ್ಬನಿಯ ತೇವ ಕುಡಿದು ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಹಾರ್ಮೋನಿಯಂನ ಹಿತ್ತಾಳೆ ರೀಡು ಮಾತ್ರ ಬಹುತೇಕ ಇದ್ದಲ್ಲೇ ಇರುತ್ತದೆ. ನಾಲ್ಕು ವಾದ್ಯ, ಮೂರು ದಾರಿ. ಹಾಡುಗಳ ನಡುವೆ ತಬಲಾದವರು ಸುತ್ತಿಗೆಯಿಂದ ಗಟ್ಟಾ (ಚರ್ಮವನ್ನು ಬಿಗಿಮಾಡುವ ಮರದ ತುಂಡು) ತಟ್ಟುವುದನ್ನು ಕಂಡು ಶಿಳ್ಳೆ ಹೊಡೆದು ಅವಸರಿಸಬೇಡಿ. ಆ ಎರಡು ನಿಮಿಷ ನಿಮ್ಮ ಮುಂದಿನ ಹಾಡಿನ ಸಲುವಾಗಿಯೇ. ಪ್ರಖರವಾದ ವೇದಿಕೆ ದೀಪ ತಬಲಾದ ಮೇಲೆ ನೇರ ಬಿದ್ದರೆ ಚರ್ಮ ಒಣಗಿ ಶ್ರುತಿ ಏರುತ್ತದೆ, ದೀಪ ಆರಿದಾಗ ಮತ್ತೆ ಜಾರುತ್ತದೆ.

ಮೈಕು ಕುಯ್ಯೆನ್ನುವುದರ ಬಗ್ಗೆ ಎರಡು ಮಾತು. ಹಾಡುವವರ ಕೈಮೈಕು ಸಾಮಾನ್ಯವಾಗಿ ಮುಂದಿನ ಸದ್ದನ್ನು ಹೆಚ್ಚು, ಬೆನ್ನ ಹಿಂದಿನದನ್ನು ಅತಿ ಕಡಿಮೆ ಹಿಡಿಯುವಂಥದ್ದು. ಆದ್ದರಿಂದ ಕಾಲಬಳಿಯ ಮಾನಿಟರ್ (ಹಾಡುವವರಿಗೇ ಕೇಳಲೆಂದು ಇಟ್ಟ ಪೆಟ್ಟಿಗೆ) ಮೈಕಿನ ಬೆನ್ನಿಗೆ ನೇರ ಇರಬೇಕು. ಕೆಲವರು ಅಂದಕ್ಕೆಂದು ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಆಗ ಹಿಂದಿನ ಕಿಂಡಿಗಳು ಮುಚ್ಚಿ ಮೈಕು ಎಲ್ಲ ಕಡೆಯ ಸದ್ದನ್ನೂ ಹಿಡಿಯತೊಡಗುತ್ತದೆ, ತಕ್ಷಣ ಕುಯ್ಯೆನ್ನುತ್ತದೆ.

ಒಳಾಂಗಣದಲ್ಲಿ ಲೆಕ್ಕ ಬದಲು. ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಂಥ ಕಡೆ ಸಂಗೀತಕ್ಕೆಂದೇ ಕೂರುವ ವ್ಯವಸ್ಥೆ ಇರುತ್ತದೆ. ಆದರೆ ಎಷ್ಟೋ ಕಾರ್ಯಕ್ರಮ ನಡೆಯುವುದು ಕಲ್ಯಾಣ ಮಂಟಪಗಳಲ್ಲಿ. 20 ಮೀಟರ್ ಉದ್ದ, 12 ಅಗಲ, 5 ಎತ್ತರದ ಮಂಟಪ, ಎಲ್ಲೆಲ್ಲೂ ಟೈಲ್ಸು, ಸಿಮೆಂಟು. ಗಾತ್ರ 1200 ಘನಮೀಟರ್, ಒಳಮೈ 800 ಚದರ ಮೀಟರ್, ಅದು ಹೀರುವುದು ನೂರಕ್ಕೆ ನಾಲ್ಕರಷ್ಟು. ಸಾಬಿನ್ ಸೂತ್ರದ ಪ್ರಕಾರ ಖಾಲಿ ಮಂಟಪದಲ್ಲಿ ಸದ್ದು ಪೂರ್ತಿ ಅಡಗಲು 6 ಸೆಕೆಂಡ್ ಬೇಕು. 300 ಜನ ಬಂದು ಕೂತರೆ ಅವರ ಬಟ್ಟೆ, ಮೈ ಸದ್ದು ಹೀರಿ ಅದು 1.2 ಸೆಕೆಂಡಿಗೆ ಇಳಿಯುತ್ತದೆ. ಮಧ್ಯಾಹ್ನ ಖಾಲಿ ಮಂಟಪದಲ್ಲಿ ಹೊಂದಿಸಿಟ್ಟ ಮಿಕ್ಸರ್ ಸಂಜೆ ಕೆಲಸಕ್ಕೆ ಬರುವುದಿಲ್ಲ. ಜನ ಕಡಿಮೆ ಇದ್ದರೆ ಹಿಂದಿನ ಗೋಡೆಗೆ ದಪ್ಪ ಪರದೆ, ನೆಲಕ್ಕೆ ಜಮಖಾನ ಹಾಕಿ, ಎಲ್ಲರನ್ನೂ ಮುಂದೆ ಕೂಡಿಸಬೇಕು.

ಮೈಕಿಲ್ಲದ ಕಾಲದ ಕಂಪನಿ ನಾಟಕಗಳನ್ನು ಇಲ್ಲಿ ನೆನೆಯದಿರಲಾಗದು. ರಂಗಗೀತೆಗಳನ್ನು ಅಷ್ಟು ಎತ್ತರದ ಶ್ರುತಿಯಲ್ಲಿ ಹಾಡಿದ್ದಕ್ಕೆ ಭೌತವಿಜ್ಞಾನದ ಸಮರ್ಥನೆಯಿದೆ. ನಮ್ಮ ಕಿವಿನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಆ ಉದ್ದಕ್ಕೆ 3000 ಹರ್ಟ್ಸ್ ಆಸುಪಾಸಿನ ಸದ್ದು ಅನುರಣಿಸಿ ಹೆಚ್ಚಾಗಿ ಕೇಳುತ್ತದೆ. ಎತ್ತರದ, ಮೊನಚಾದ ಕಂಠದ ಬಲವೆಲ್ಲ ಅಲ್ಲೇ ಕೂಡುತ್ತದೆ, ಹಾರ್ಮೋನಿಯಂ, ತಬಲಾವನ್ನು ಸೀಳಿಕೊಂಡು ಕೊನೆಯ ಬೆಂಚು ಮುಟ್ಟುತ್ತದೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರಂಥ ರಂಗಗಾಯಕಿಯರ ಕಂಠಕ್ಕೆ ‘ಒನ್ಸ್ ಮೋರ್’ ಎಂದು ಜನ ಕೂಗುತ್ತಿದ್ದ ಪರಂಪರೆ ಅದು.

ಗೊತ್ತಿರುವ ಹಾಡನ್ನೇ ಮತ್ತೆ ಕೇಳಬೇಕೆನಿಸುವುದೇಕೆ? ಕೆನಡಾದ ಮಾಂಟ್ರಿಯಲ್‌ನಲ್ಲಿ ಸಲೀಂಪೂರ್ ಮತ್ತು ಜಟೋರೆ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈ ಜುಮ್ಮೆನ್ನಿಸುವ ಸಂಗೀತವನ್ನು ಕೇಳುಗರೇ ಆರಿಸಿ ತಂದಿದ್ದರು. ರೋಮಾಂಚನದ ಗಳಿಗೆಯಲ್ಲಿ ಮಿದುಳಿನ ಒಂದು ಭಾಗದಲ್ಲಿ ಡೋಪಮೈನ್ ಎಂಬ, ಖುಷಿಗೆ ಸಂಬಂಧಿಸಿದ ರಾಸಾಯನಿಕ ಬಿಡುಗಡೆಯಾದರೆ, ಆ ಗಳಿಗೆಗೆ ಕಾಯುವಾಗಲೇ ಇನ್ನೊಂದು ಭಾಗದಲ್ಲಿ ಬಿಡುಗಡೆಯಾಗಿತ್ತು. ಪಲ್ಲವಿ ಬರುತ್ತದೆಂದು ಗೊತ್ತಿರುವುದರಿಂದಲೇ ಅದಕ್ಕೆ ಮುಂಚಿನ ಆಲಾಪ ಅಷ್ಟು ಸಿಹಿ. ಎದುರಿಗೆ ನಡೆಯುವ ಕಛೇರಿಯಲ್ಲಿ ಕಲಾವಿದರು ಆ ಕಾಯುವಿಕೆಯನ್ನು ಹಿಗ್ಗಿಸಬಲ್ಲರು, ಧ್ವನಿಮುದ್ರಿಕೆ ಹಿಗ್ಗಿಸಲಾರದು. ಬೇಸ್‌ನ ಪಾಲೂ ಇದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಕಛೇರಿಯೊಂದರ ನಡುವೆ, ಕಿವಿಗೆ ಗೊತ್ತಾಗದಷ್ಟು ಕೆಳಗಿನ ಆವರ್ತನದ ಸ್ಪೀಕರ್‌ಗಳನ್ನು ಆಗಾಗ ಹಚ್ಚಿ ಆರಿಸಿದರು. ಹಚ್ಚಿದ್ದಾಗ ಜನ ಸುಮಾರು ಶೇ. 12ರಷ್ಟು ಹೆಚ್ಚು ಕುಣಿದರು.

ಹಾಗಾದರೆ ಎಲ್ಲಿ ಕೂರಬೇಕು? ಎರಡು ಪೆಟ್ಟಿಗೆ ಸಾಲುಗಳ ಅಂತರ ಎಷ್ಟೋ ಅಷ್ಟರಿಂದ ಅದರ ಒಂದೂವರೆಯಷ್ಟು ದೂರದಲ್ಲಿ, ನಡುಗೆರೆಯಿಂದ ಒಂದೆರಡು ಹೆಜ್ಜೆ ಪಕ್ಕಕ್ಕೆ. ಮಿಕ್ಸರ್ ಟೇಬಲ್ ಜನರ ನಡುವೆ ಇದ್ದರೆ ಅದರ ಮುಂದೆಯೇ ಕೂರಿ, ಅಲ್ಲಿಗೆ ಸರಿಯಾಗಿ ಕೇಳುವಂತೆಯೇ ಅವರು ಹೊಂದಿಸುತ್ತಾರೆ. ಮಿಕ್ಸರ್ ವೇದಿಕೆಯ ಮಗ್ಗುಲಲ್ಲಿ ಇದ್ದರೆ ಹೊಂದಿಸುವವರಿಗೆ ಬಯಲಿನ ಸದ್ದೇ ಕೇಳುತ್ತಿರುವುದಿಲ್ಲ.

ಕಿವಿಗೂ ಮಿತಿಯಿದೆ. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ 8 ಗಂಟೆ, 94 ಒಂದು ಗಂಟೆ, 100 ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಹಾಕಿದ ಮೇಲ್ಮಿತಿ 15 ನಿಮಿಷದ ಸರಾಸರಿ 100 ಡೆಸಿಬೆಲ್. ಹತ್ತಿ ತುರುಕಿಕೊಂಡರೆ ಹೆಚ್ಚು ಪ್ರಯೋಜನವಿಲ್ಲ. ಔಷಧ ಅಂಗಡಿಯಲ್ಲಿ ಸಿಗುವ ಫೋಮ್ ಬಿರಡೆಯನ್ನು ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಚಿಕ್ಕ ಮಕ್ಕಳಿಗೆ ಬಿರಡೆ ಬೇಡ, ಕಿವಿ ಮುಚ್ಚುವ ಮಫ್ ಹಾಕಿ.

ಜೋರು ಸದ್ದಿನಲ್ಲಿ ಗಂಟೆಗಟ್ಟಲೆ ಕೂತರೆ ಕಿವಿ ತಾತ್ಕಾಲಿಕವಾಗಿ ಮಂದವಾಗುತ್ತದೆ, ಮೊದಲು ಮಂದವಾಗುವುದು ಮೇಲಿನ ಆವರ್ತನಗಳಿಗೆ, ಅಂದರೆ ಸಾಹಿತ್ಯ ತಿಳಿಸುವ ಭಾಗಕ್ಕೆ. ಮಿಕ್ಸರ್ ಮುಂದೆ ಕೂತವರ ಕಿವಿಯೂ ಹಾಗೇ ಮಂದವಾಗುವುದರಿಂದ ಮೂರನೇ ಗಂಟೆಗೆ ವಾಲ್ಯೂಮ್ ತಾನಾಗಿ ಏರಿರುತ್ತದೆ. ಮೆಚ್ಚಿನ ಹಾಡಿನ ಚೀಟಿ ಕಳಿಸುವುದಿದ್ದರೆ ಮೊದಲ ಗಂಟೆಯಲ್ಲೇ ಕಳಿಸಿ. ನಡುವೆ ಹತ್ತು ಹದಿನೈದು ನಿಮಿಷ ಎದ್ದು ಪೆಟ್ಟಿಗೆಗಳ ಹಿಂದಿನ ಕಡೆ ಹೋಗಿ ಚಹಾ ಕುಡಿದು ಬನ್ನಿ. ಮರುದಿನವೂ ಕಿವಿಯಲ್ಲಿ ಗುಂಯ್ ನಿಲ್ಲದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ.