ಕರೆಂಟ್ ಏರಿಸಿದರೂ ನಾಯಿ ಬೇಲಿ ದಾಟುವುದೇಕೆ?

ಪ್ರಶ್ನೆ: ಗೌರಿಬಿದನೂರು ಹತ್ತಿರ ನಮ್ಮದು ಎರಡು ಎಕರೆ ತೋಟ. ನೆಲದೊಳಗೆ ತಂತಿ ಹಾಕಿಸಿ, ನಾಯಿಗಳಿಗೆ ಕಾಲರ್ ಕಟ್ಟಿ ಕಾಣದ ಬೇಲಿ ಮಾಡಿಸಿದ್ದೀವಿ. ಲ್ಯಾಬ್ರಡಾರ್ ಒಳಗೇ ಇರುತ್ತೆ. ಮುಧೋಳ ಮಾತ್ರ ದಿನಾ ದಾಟಿ ರಸ್ತೆಗೆ ಓಡುತ್ತೆ. ಕರೆಂಟ್ ಪೂರ್ತಿ ಏರಿಸಿ ಒಂದು ಸಲ ಚೆನ್ನಾಗಿ ಹೊಡೆಸಿಬಿಟ್ಟರೆ ಬುದ್ಧಿ ಬರುತ್ತಾ ಸಾರ್?

ಬರುವುದಿಲ್ಲ. ಊರು ಬದಲಾಗಿ, ನಾಯಿಯ ಜಾತಿ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ತಿಪಟೂರಿನ ತೆಂಗಿನ ತೋಟದವರದೂ ಇದೇ, ಶ್ರೀನಿವಾಸಪುರದ ಮಾವಿನ ತೋಪಿನವರದೂ ಇದೇ, ನಂದಿ ಬೆಟ್ಟದ ಕೆಳಗೆ ಫಾರ್ಮ್‌ಹೌಸ್ ಕಟ್ಟಿರುವ ಬೆಂಗಳೂರಿನವರದೂ ಇದೇ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು, ನೆಲದಲ್ಲಿ ಹೂತಿರುವ ತಂತಿ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಗೋಡೆಯಲ್ಲಿರುವ ಟ್ರಾನ್ಸ್‌ಮಿಟರ್ ಆ ತಂತಿಯಲ್ಲಿ ಬಹಳ ಸಣ್ಣ ರೇಡಿಯೊ ಸಿಗ್ನಲ್ ಹರಿಸುತ್ತದೆ, ಅಷ್ಟೇ. ಕಾಲರ್‌ನಲ್ಲಿರುವ ರಿಸೀವರ್ ಆ ಸಿಗ್ನಲ್ ಹಿಡಿದು ಮೊದಲು ಬೀಪ್ ಅನ್ನುತ್ತದೆ. ನಾಯಿ ಇನ್ನೂ ಮುಂದೆ ಹೋದರೆ ಕುತ್ತಿಗೆಗೆ ತಾಗಿರುವ ಎರಡು ಲೋಹದ ಮೊಳೆಗಳ ನಡುವೆ ಶಾಕ್ ಕೊಡುತ್ತದೆ. ಅದಕ್ಕೆ ಬೇಕಾದ ಕರೆಂಟ್ ಬರುವುದು ಕಾಲರ್‌ನ ಸಣ್ಣ ಬ್ಯಾಟರಿಯಿಂದ. ತಂತಿಯಿಂದ ಎರಡೂ ಕಡೆಗೆ ಕೆಲವು ಅಡಿ ಅಗಲದ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯೇ ಬೇಲಿ.

ಇನ್ನು 'ಒಂದು ಸಲ ಜೋರಾಗಿ ಹೊಡೆದರೆ ಸಾಕು' ಎಂಬ ನಂಬಿಕೆ. ಇದು ಎಲ್ಲಿಂದ ಬಂತು ಎಂಬುದು ಗೊತ್ತಿರುವುದೇ. ನಮ್ಮ ಕಡೆ ಹೊಲಗಳಿಗೆ ಹಾಕುವ ಸೋಲಾರ್ ಝಟ್ಕಾ ಬೇಲಿಗೆ ಹಸು ಒಂದು ಸಲ ಮೂತಿ ತಾಗಿಸಿದರೆ ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ. ಏಕೆಂದರೆ ಹಸುವಿಗೆ ತಂತಿ ಕಣ್ಣಿಗೆ ಕಾಣುತ್ತದೆ. ಮುಟ್ಟಿದ್ದು ಯಾವುದನ್ನು, ಹೊಡೆದದ್ದು ಯಾವುದು ಎಂಬುದರಲ್ಲಿ ಅದಕ್ಕೆ ಅನುಮಾನವಿಲ್ಲ. ಒಂದು ಹೆಜ್ಜೆ ಹಿಂದೆ ಸರಿದರೆ ನೋವು ನಿಂತಿತು. ಕಾಣದ ಬೇಲಿಯಲ್ಲಿ ನಾಯಿಗೆ ಕಾಣುವುದೇನು? ಅದೇ ಹುಲ್ಲು, ಅದೇ ಬದು. ಕುತ್ತಿಗೆಯಲ್ಲಿ ಚುರ್ ಎಂದದ್ದು ಎಲ್ಲಿಂದ ಬಂತು, ಯಾವ ದಿಕ್ಕಿಗೆ ಹೋದರೆ ನಿಲ್ಲುತ್ತದೆ ಎಂದು ಯಾರೂ ಅದಕ್ಕೆ ಹೇಳಿಲ್ಲ.

ಈಗ ನಿಮ್ಮ ಮುಧೋಳದ ಲೆಕ್ಕ ಮಾಡೋಣ. ಮೊಲದ ಹಿಂದೆ ಬಿದ್ದಾಗ ಅದರ ವೇಗವನ್ನು ಗಂಟೆಗೆ 40 ಕಿ.ಮೀ. ಎಂದು ಕಡಿಮೆಯೇ ಹಿಡಿಯಿರಿ. ಅಂದರೆ ಸೆಕೆಂಡಿಗೆ 11 ಮೀಟರ್. ನಿಮ್ಮ ಪಟ್ಟಿ ತಂತಿಯ ಈಚೆಗೆ ಒಂದು ಮೀಟರ್, ಆಚೆಗೆ ಒಂದು ಮೀಟರ್ ಇದ್ದರೆ ಅದನ್ನು ದಾಟಲು ನಾಯಿಗೆ ಬೇಕಾದದ್ದು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಬೀಪ್ ಕೇಳಿ, ಅದರ ಅರ್ಥ ಹೊಳೆದು, ಕಾಲು ತಡೆದು ತಿರುಗುವಷ್ಟು ಸಮಯ ಅದಲ್ಲ. ಶಾಕ್ ತಗುಲುವ ಹೊತ್ತಿಗೆ ನಾಯಿ ಆಚೆ ಕಡೆ ಇರುತ್ತದೆ. ಇನ್ನೆರಡು ಹಾರು ಹಾರಿದರೆ ಪಟ್ಟಿ ಮುಗಿಯಿತು, ನೋವೂ ನಿಂತಿತು. ಹಾಗಾದರೆ ಅದು ಕಲಿತದ್ದೇನು? ಚುರ್ ಎಂದಾಗ ಇನ್ನೂ ಜೋರಾಗಿ ಮುಂದಕ್ಕೆ ಓಡಬೇಕು ಎಂದು. ಕರೆಂಟ್ ಏರಿಸಿದಷ್ಟೂ ಈ ಪಾಠವೇ ಗಟ್ಟಿಯಾಗುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಮೊಲ ತಪ್ಪಿಸಿಕೊಂಡ ಮೇಲೆ ನಾಯಿ ಮನೆಗೆ ಬರಬೇಕಲ್ಲ? ಬರುವಾಗಲೂ ಅದೇ ಪಟ್ಟಿ, ಅದೇ ಶಾಕ್. ಹೊರಟಾಗ ಇದ್ದ ಹುರುಪು ಈಗಿಲ್ಲ, ಮೆಲ್ಲಗೆ ನಡೆದು ಬರುತ್ತಿದೆ. ಆದ್ದರಿಂದ ಹೊರಗೆ ಹೋಗುವಾಗ ಅರೆಗಳಿಗೆ ತಗುಲಿದ್ದು ವಾಪಸ್ ಬರುವಾಗ ಪೂರ್ತಿ ತಗಲುತ್ತದೆ. 'ಓಡಿಹೋಗುತ್ತೆ, ಕರೆದರೂ ಬರಲ್ಲ, ರಸ್ತೆಯಲ್ಲೇ ನಿಂತು ಬೊಗಳುತ್ತೆ' ಎಂದು ದೂರುವವರು ಮೊದಲು ಇದನ್ನು ಯೋಚಿಸಬೇಕು. ನಾಯಿಯನ್ನು ಹೊರಗೆ ತಡೆದಿಟ್ಟಿರುವುದು ನೀವು ಹಾಕಿಸಿದ ಬೇಲಿಯೇ.

ಇನ್ನೂ ಕೆಟ್ಟದ್ದೊಂದಿದೆ. ಕಲಿಸದೆ ಶಾಕ್ ಕೊಟ್ಟರೆ ನಾಯಿ ಆ ನೋವನ್ನು ಆ ಗಳಿಗೆಯಲ್ಲಿ ಕಣ್ಣೆದುರಿಗಿದ್ದುದರ ತಲೆಗೆ ಕಟ್ಟುತ್ತದೆ. ರಸ್ತೆಯಲ್ಲಿ ಶಾಲೆಯ ಮಗು ಹೋಗುತ್ತಿದ್ದರೆ ಮಗುವಿನ ತಲೆಗೆ, ಹಾಲಿನ ಕ್ಯಾನ್ ಕಟ್ಟಿಕೊಂಡ ಟಿವಿಎಸ್ ಹೋಗುತ್ತಿದ್ದರೆ ಟಿವಿಎಸ್ ತಲೆಗೆ. ಸಾಧುವಾಗಿದ್ದ ನಾಯಿ ಮಕ್ಕಳನ್ನು ಕಂಡರೆ ಗುರ್ ಎನ್ನತೊಡಗಲು ಇದೊಂದು ಕಾರಣ. ಇದಕ್ಕೆ ತದ್ವಿರುದ್ಧವಾಗಿ ಕೆಲವು ನಾಯಿಗಳು ಹೆದರಿ ಜಗಲಿಯಿಂದ ಕೆಳಗಿಳಿಯುವುದನ್ನೇ ಬಿಡುತ್ತವೆ. ನಿಮ್ಮ ಲ್ಯಾಬ್ರಡಾರ್ 'ಒಳಗೇ ಇರುತ್ತೆ' ಎಂದಿದ್ದೀರಿ. ತೋಟದಲ್ಲಿ ಓಡಾಡಿಕೊಂಡು ಒಳಗಿದೆಯೋ, ಬಾಗಿಲ ಬಳಿ ಮುದುಡಿಕೊಂಡು ಒಳಗಿದೆಯೋ, ನೋಡಿ. ಎರಡನೆಯದಾದರೆ ಅದೂ ಕಲಿತಿಲ್ಲ. ವೇಲ್ಸ್ ದೇಶದವರು 2010ರಲ್ಲಿ ನಾಯಿ, ಬೆಕ್ಕುಗಳಿಗೆ ಇಂಥ ಶಾಕ್ ಕಾಲರ್ ಕಟ್ಟುವುದನ್ನೇ ನಿಷೇಧಿಸಿದರು. ನಮ್ಮಲ್ಲೂ ಪ್ರಾಣಿಗೆ ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೇ.

ಹಾಗಾದರೆ ಕಲಿಸುವುದು ಹೇಗೆ? ಪಾಠ ಶಾಕಿನದಲ್ಲ, ಬೀಪಿನದು. ಬೀಪ್ ಕೇಳಿದ ಕೂಡಲೇ ಮನೆ ಕಡೆ ತಿರುಗುವುದು ನಾಯಿಗೆ ಅಭ್ಯಾಸವಾಗಬೇಕು. ಚೆನ್ನಾಗಿ ಕಲಿತ ನಾಯಿಗೆ ಶಾಕ್ ತಗಲುವ ಸಂದರ್ಭವೇ ಅಪರೂಪ.

ಕಾಲರ್ ಅನ್ನು ನಾಯಿಯ ಕುತ್ತಿಗೆಯ ಎತ್ತರದಲ್ಲಿ ಕೈಯಲ್ಲಿ ಹಿಡಿದು ತಂತಿಯ ಕಡೆ ನಡೆಯಿರಿ. ಬೀಪ್ ಶುರುವಾದ ಜಾಗದಲ್ಲಿ ಒಂದು ಬಾವುಟ ನೆಡಿ. ಬಾವುಟ ಇರಬೇಕಾದದ್ದು ಅಲ್ಲಿ, ತಂತಿಯ ಮೇಲಲ್ಲ. ಹೀಗೆ 8–10 ಅಡಿಗೊಂದರಂತೆ ಸುತ್ತಲೂ ನೆಡಿ. ಪೆಟ್ಟಿಗೆಯಲ್ಲಿ ಬರುವ ಬಾವುಟ ಎರಡು ಎಕರೆಗೆ ಸಾಲುವುದಿಲ್ಲ, ಬಿದಿರು ಕಡ್ಡಿಗೆ ಬಿಳಿ ಬಟ್ಟೆ ಕಟ್ಟಿದರೆ ಆಯಿತು. ಕೆಂಪು ಬೇಡ. ನಾಯಿಯ ಕಣ್ಣಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ.

ಮೊದಲ ನಾಲ್ಕೈದು ದಿನ ಬರೀ ಬೀಪ್. ಕಾಲರ್‌ನಲ್ಲಿ ಬೀಪ್ ಮಾತ್ರ ಇಡುವ ಸೌಲಭ್ಯವಿಲ್ಲದಿದ್ದರೆ ಎರಡೂ ಮೊಳೆಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಹಗ್ಗವನ್ನು ಈ ಕಾಲರ್‌ಗೆ ಕಟ್ಟಬಾರದು, ಎಳೆದರೆ ಮೊಳೆ ಕುತ್ತಿಗೆಗೆ ಒತ್ತುತ್ತದೆ. ಬೇರೆ ಬಟ್ಟೆಯ ಬೆಲ್ಟ್ ಹಾಕಿ ಅದಕ್ಕೆ ಹತ್ತು ಅಡಿ ಹಗ್ಗ ಕಟ್ಟಿ. ಬಾವುಟದ ಕಡೆ ನಡೆಸಿ. ಬೀಪ್ ಅಂದ ತಕ್ಷಣ ನೀವೇ ಹಿಂದೆ ತಿರುಗಿ, ಖುಷಿಯ ದನಿಯಲ್ಲಿ 'ಬಾ ಬಾ' ಎಂದು ಕರೆಯುತ್ತಾ ನಾಲ್ಕು ಹೆಜ್ಜೆ ಓಡಿ. ನಾಯಿ ಹಿಂದೆ ಬಂದ ಕೂಡಲೇ ಬೇಯಿಸಿದ ಕೋಳಿ ಈಲಿಯದೊಂದು ಚೂರು ಬಾಯಿಗೆ. ಬಿಸ್ಕತ್ತಾದರೂ ಆದೀತು, ಆದರೆ ಮೊಲದ ಎದುರು ಬಿಸ್ಕತ್ತು ನಿಲ್ಲುವುದಿಲ್ಲ. ಒಂದು ಪಾಠ 10–15 ನಿಮಿಷ, ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಬೇಲಿಯ ಬೇರೆ ಮೂಲೆಯಲ್ಲಿ. ಒಂದೇ ಜಾಗದಲ್ಲಿ ಕಲಿಸಿದರೆ ಗಡಿ ಅಲ್ಲಿ ಮಾತ್ರ ಇದೆ ಎಂದುಕೊಳ್ಳುತ್ತದೆ. ಎರಡು ನಾಯಿಗೆ ಒಟ್ಟಿಗೆ ಕಲಿಸಬೇಡಿ. ಒಂದು ಇನ್ನೊಂದನ್ನು ನೋಡಿ ತಿರುಗುತ್ತದೆಯೇ ಹೊರತು ಬೀಪ್ ಕೇಳಿ ಅಲ್ಲ.

ಹಗ್ಗ ಬಿಗಿಯಾಗದೆ ತಾನಾಗಿಯೇ ತಿರುಗಲು ಶುರುಮಾಡಿದ ಮೇಲೆ ಟೇಪ್ ತೆಗೆದು ಅತಿ ಕಡಿಮೆ ಲೆವೆಲ್ ಇಡಿ. ಕಿವಿ ನಿಮಿರಿತು, ತಲೆ ಒದರಿತು, ಕುತ್ತಿಗೆ ಕೆರೆದುಕೊಂಡಿತು ಎಂದರೆ ಅಷ್ಟೇ ಸಾಕು. ಕುಂಯ್ ಎಂದು ಕೂಗಿದರೆ ಅದು ಹೆಚ್ಚಾಯಿತು, ಇಳಿಸಿ. ಆಮೇಲೆ ಆಮಿಷ: ಗಡಿಯಾಚೆ ಚೆಂಡು ಎಸೆಯುವುದು, ಪರಿಚಯದವರೊಬ್ಬರು ಆಚೆ ನಡೆದುಹೋಗುವುದು, ಕುರಿ ಹೊಡೆದುಕೊಂಡು ಹೋಗುವ ಹೊತ್ತಿಗೆ ಪಾಠ ಇಟ್ಟುಕೊಳ್ಳುವುದು. ಇದೆಲ್ಲ ಹಗ್ಗ ಕೈಯಲ್ಲಿದ್ದಾಗಲೇ. ಮುಂದೆ 30 ಅಡಿ ಹಗ್ಗ ಎಳೆದುಕೊಂಡು ಓಡಾಡಲು ಬಿಡಿ, ಕೊನೆಗೆ ಹಗ್ಗವಿಲ್ಲದೆ, ಆದರೆ ನಿಮ್ಮ ಕಣ್ಣೆದುರಿಗೆ. ಬಾವುಟಗಳನ್ನು ಒಂದು ಬಿಟ್ಟು ಒಂದರಂತೆ ಎರಡು ವಾರದಲ್ಲಿ ತೆಗೆಯಿರಿ. ಒಟ್ಟು ಒಂದು ತಿಂಗಳ ಕೆಲಸ. ಭಾನುವಾರ ಬಂದು ಭಾನುವಾರವೇ ಮುಗಿಸುತ್ತೇನೆ ಎನ್ನುವವರು ನಾಯಿಯನ್ನಾಗಲಿ ಬೇಲಿಯನ್ನಾಗಲಿ ದೂರಬಾರದು. ಆರು ತಿಂಗಳ ಒಳಗಿನ ಮರಿಗೆ ಇದು ಬೇಡವೇ ಬೇಡ.

ಗೇಟಿನಿಂದ ವಾಕಿಂಗ್ ಕರೆದೊಯ್ಯುವಾಗ ಕಾಲರ್ ಬಿಚ್ಚಿ, ಬೇರೆ ಬೆಲ್ಟ್ ಹಾಕಿ, ದಿನಾ ಒಂದೇ ಜಾಗದಲ್ಲಿ ದಾಟಿಸಿ. ಇದನ್ನು ಮರೆತು ಒಮ್ಮೆ ಕಾಲರ್ ಸಮೇತ ಎಳೆದುಕೊಂಡು ಹೋದರೆ ತಿಂಗಳ ಪಾಠ ಹಾಳು.

ತಂತಿಯ ವಿಷಯ ಚುಟುಕಾಗಿ. ಎರಡು ಎಕರೆ ಸರಿಯಾಗಿ ಚೌಕವಿದ್ದರೆ ಸುತ್ತಳತೆ ಸುಮಾರು 1,180 ಅಡಿ. ನಮ್ಮ ಜಮೀನುಗಳು ಚೌಕ ಇರುವುದು ಸರ್ವೆ ನಕ್ಷೆಯಲ್ಲೂ ಕಷ್ಟ, ಆದ್ದರಿಂದ 1,400 ಅಡಿಯಾದರೂ ತನ್ನಿ. ತಂತಿ ಸುತ್ತು ಹಾಕಿ ಟ್ರಾನ್ಸ್‌ಮಿಟರ್‌ಗೇ ವಾಪಸ್ ಬಂದು ಸೇರಬೇಕು. ಮನೆಯಿಂದ ಗಡಿಯವರೆಗಿನ ಎರಡು ಎಳೆಗಳನ್ನು ಅಡಿಗೆ ಹತ್ತು ಸುತ್ತಿನಂತೆ ಹೊಸೆದರೆ ಅವುಗಳ ಸಿಗ್ನಲ್ ಪರಸ್ಪರ ರದ್ದಾಗಿ, ಅಂಗಳದ ಮಧ್ಯೆ ಬೀಪ್ ಬರುವುದಿಲ್ಲ. ಎರಡು ಮೂರು ಇಂಚು ಆಳ ಸಾಕು. ರೋಟವೇಟರ್ ಓಡುವ ಕಡೆ ಹೂಳದೆ ಬದುವಿನ ಕಂಬಗಳಿಗೆ ಕಟ್ಟಿ. ಮೂಲೆಗಳನ್ನು ದುಂಡಗೆ ತಿರುಗಿಸಿ. ಬೋರ್‌ವೆಲ್ ಮೋಟರಿನ ಕೇಬಲ್ ಪಕ್ಕದಲ್ಲೇ ಎಳೆದರೆ ಸಿಗ್ನಲ್ ಆ ಕೇಬಲ್ಲಿಗೆ ಹತ್ತಿ ಬೇಡದ ಕಡೆಯಲ್ಲೆಲ್ಲ ಕಾಲರ್ ಕೂಗುತ್ತದೆ. ಹತ್ತು ಅಡಿ ದೂರವಿಡಿ, ದಾಟಲೇಬೇಕಾದರೆ ನೇರ ಅಡ್ಡಲಾಗಿ ದಾಟಿಸಿ. ಬೆಸ್ಕಾಂ ಕರೆಂಟ್ ಹೋದರೆ ಬೇಲಿಯೂ ಹೋಯಿತು, ಇನ್ವರ್ಟರ್‌ಗೆ ಕೊಡಿ. ಭರಣಿ ಮಳೆಯ ಗುಡುಗು ಶುರುವಾದರೆ ಪ್ಲಗ್ ಕಿತ್ತು, ಸುತ್ತುತಂತಿಯನ್ನೂ ಬಿಚ್ಚಿ. ಪಂಪ್‌ಸೆಟ್ ಲೈನಿನಿಂದ ಬೇಲಿಗೆ ನೇರ ಕೊಂಡಿ ಹಾಕುವ ಯೋಚನೆ ಇದ್ದರೆ ಈಗಲೇ ಬಿಡಿ. ಅದು 230 ವೋಲ್ಟ್, ನಾಯಿಯನ್ನೂ ಕೊಲ್ಲುತ್ತದೆ, ರಾತ್ರಿ ನೀರು ಕಟ್ಟಲು ಬಂದವರನ್ನೂ ಕೊಲ್ಲುತ್ತದೆ, ನಿಮ್ಮನ್ನು ಜೈಲಿಗೂ ಕಳಿಸುತ್ತದೆ.

ಕಾಲರ್ ಮತ್ತು ಕುತ್ತಿಗೆಯ ನಡುವೆ ಒಂದು ಬೆರಳು ತೂರಬೇಕು. ಸಡಿಲವಾದರೆ ಶಾಕ್ ತಾಗುವುದಿಲ್ಲ, ಬಿಗಿಯಾದರೆ ಹುಣ್ಣಾಗುತ್ತದೆ. ದಿನಕ್ಕೆ 12 ಗಂಟೆಗಿಂತ ಹೆಚ್ಚು ಕಟ್ಟಬೇಡಿ. ಬಿಚ್ಚಿದಾಗ ಚರ್ಮ ಕೆಂಪಾಗಿದೆಯೇ, ಉಣ್ಣೆಹುಳು ಸೇರಿಕೊಂಡಿದೆಯೇ ಎಂದು ಕೂದಲು ಸರಿಸಿ ನೋಡಿ. ಹುಣ್ಣನ್ನು ಶಾಕಿನಿಂದ ಸುಟ್ಟದ್ದು ಎಂದುಕೊಳ್ಳುತ್ತಾರೆ, ಹೆಚ್ಚಾಗಿ ಅದು ಮೊಳೆ ಒಂದೇ ಜಾಗದಲ್ಲಿ ಒತ್ತಿ ಒತ್ತಿ ಆದದ್ದು.

ನಿಮ್ಮ ಮುಧೋಳಕ್ಕೆ ಮರಳಿದರೆ, ಕಣ್ಣಿಗೆ ಕಂಡದ್ದರ ಹಿಂದೆ ಬೀಳುವುದು ಆ ತಳಿಯ ಹುಟ್ಟುಗುಣ. ಪಟ್ಟಿಯನ್ನು ತಂತಿಯಿಂದ ಒಂದೊಂದು ಕಡೆ ಮೂರು ಮೀಟರ್‌ವರೆಗೆ ಅಗಲಿಸಿ, ತಂತಿಯನ್ನು ರಸ್ತೆಯಿಂದ 15 ಅಡಿ ಒಳಗೆ ತನ್ನಿ, ಮೊದಲಿನಿಂದ ಪಾಠ ಶುರುಮಾಡಿ. ಅಷ್ಟಾದರೂ ರಸ್ತೆಯ ಬದಿಗೆ ಮಾತ್ರ ಕಲ್ಲು ಕಂಬ ನೆಟ್ಟು ಐದಾರು ಅಡಿ ಚೈನ್‌ಲಿಂಕ್ ಹಾಕಿಸಿ ಎಂದೇ ಹೇಳುತ್ತೇನೆ. ಗಂಡು ನಾಯಿಯಾದರೆ ಸಂತಾನಹರಣ ಮಾಡಿಸಿ. ಪಕ್ಕದ ಊರಿನ ಹೆಣ್ಣು ಬೆದೆಗೆ ಬಂದರೆ ಯಾವ ಬೀಪೂ ತಡೆಯುವುದಿಲ್ಲ. ದೀಪಾವಳಿಯ ಪಟಾಕಿಗೆ ಬೆದರಿ ಓಡುವ ನಾಯಿಯನ್ನೂ ತಡೆಯುವುದಿಲ್ಲ, ಆ ಮೂರು ದಿನ ಒಳಗೆ ಕೂಡಿ ಹಾಕಿ.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ಈ ಬೇಲಿ ಒಳಗಿನದನ್ನು ತಡೆಯುತ್ತದೆ, ಹೊರಗಿನದನ್ನಲ್ಲ. ಬೀದಿನಾಯಿಗಳ ಗುಂಪು ಸಲೀಸಾಗಿ ಒಳಗೆ ಬರುತ್ತದೆ, ನಿಮ್ಮ ನಾಯಿ ಓಡಿ ತಪ್ಪಿಸಿಕೊಳ್ಳಲು ನೋಡಿದರೆ ಗಡಿಯಲ್ಲಿ ಅದಕ್ಕೇ ಶಾಕ್. ಚಿರತೆಯ ಮಾತಂತೂ ಕೇಳಲೇಬೇಡಿ. ದೇವರಾಯನದುರ್ಗದ ಸುತ್ತಮುತ್ತಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2019–20ರಲ್ಲಿ ತುಮಕೂರು, ಗುಬ್ಬಿ ತಾಲ್ಲೂಕುಗಳಲ್ಲಿ ಚಿರತೆಗೆ ಮನುಷ್ಯರೇ ಬಲಿಯಾದರು. ರಾತ್ರಿ ಜಗಲಿ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ. ಕತ್ತಲಾಗುತ್ತಿದ್ದಂತೆ ಶಾಕ್ ಕಾಲರ್ ಬಿಚ್ಚಿ ಚಾರ್ಜಿಗೆ ಹಾಕಿ, ನಾಯಿಯನ್ನು ಗೂಡಿಗೆ ಸೇರಿಸಿ. ಗೂಡಿನ ಮೇಲ್ಭಾಗಕ್ಕೂ ವೆಲ್ಡ್ ಮೆಶ್ ಇರಬೇಕು, ಕೆಳಗೆ ಸಿಮೆಂಟ್ ನೆಲ, ಬಾಗಿಲಿಗೆ ಚಿಲಕ ಎರಡು ಕಡೆ. ಕುರುಬರ ನಾಯಿಗಳಿಗೆ ಕಟ್ಟುವಂಥ ಮುಳ್ಳಿನ ಪಟ್ಟಿ ಹಾಕುವ ಆಸೆಯಿದ್ದರೆ ರಾತ್ರಿ ಹಾಕಿ. ಹಗಲು ಶಾಕ್ ಕಾಲರ್ ಜೊತೆಗೆ ಲೋಹದ ಪಟ್ಟಿ ಇದ್ದರೆ ರಿಸೀವರ್ ಸಿಗ್ನಲ್ ಹಿಡಿಯುವುದರಲ್ಲಿ ಎಡವುತ್ತದೆ.