ಬಂದೂಕಿಗೆ ಕಡಿವಾಣ ಹಾಕಿದರೆ ಏನು ಕಡಿಮೆಯಾಗುತ್ತದೆ?

ಬಂದೂಕು ಕಾನೂನು ಬಿಗಿ ಮಾಡಿದರೆ ಅಪರಾಧ ಕಡಿಮೆಯಾಗುತ್ತದಾ? ಅಮೆರಿಕದಲ್ಲಿ ಈ ಪ್ರಶ್ನೆ ಎತ್ತಿದರೆ ಸಾಕು, ಜಗಳ ಶುರು. ನನ್ನ ಪ್ರಕಾರ ಅಪರಾಧವನ್ನೂ ಸಾವನ್ನೂ ಬೇರೆ ಬೇರೆಯಾಗಿ ನೋಡಬೇಕು. ಹೊಡೆದಾಟ, ಕಳ್ಳತನದಲ್ಲಿ ಅಮೆರಿಕ ಉಳಿದ ಶ್ರೀಮಂತ ದೇಶಗಳಿಗಿಂತ ತೀರಾ ಮುಂದೇನಿಲ್ಲ. ಕೊಲೆ ಮಾತ್ರ ಅಲ್ಲಿ ಹಲವು ಪಟ್ಟು ಜಾಸ್ತಿ.

ಯಾಕೆ ಹೀಗೆ? 1968ರಲ್ಲಿ ಫ್ರಾಂಕ್ಲಿನ್ ಜಿಮ್ರಿಂಗ್ ಅನ್ನುವ ಕಾನೂನು ಸಂಶೋಧಕರು ಷಿಕಾಗೊ ಪೊಲೀಸರ ದಾಖಲೆಗಳನ್ನು ಜಾಲಾಡಿದರು. ಚಾಕು ಇರಿತವಿರಲಿ, ಗುಂಡೇಟಿರಲಿ, ಹಿಂದಿನ ಕಥೆ ಬಹುಪಾಲು ಒಂದೇ: ಪರಿಚಯದವರ ನಡುವೆ ಮಾತಿಗೆ ಮಾತು ಬೆಳೆದು ನೆತ್ತಿಗೇರಿದ ಸಿಟ್ಟು. ಆದರೆ ಗುಂಡೇಟಿನಲ್ಲಿ ಸಾವಿನ ಸಂಭವ ಚಾಕುವಿನ ಸುಮಾರು ಐದು ಪಟ್ಟು. ಬಾಸ್ಟನ್ ನಗರದ ಗುಂಡೇಟುಗಳ ಬಗ್ಗೆ 2018ರಲ್ಲಿ ಬಂದ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದು. ಕ್ಯಾಲಿಬರ್ ಅಂದರೆ ಗುಂಡಿನ ದಪ್ಪ. ಗುಂಡು ಎಲ್ಲಿಗೆ ಬಿತ್ತು, ಎಷ್ಟು ಬಿತ್ತು ಅನ್ನುವುದರಲ್ಲಿ ಸಣ್ಣ ಕ್ಯಾಲಿಬರ್‌ಗೂ ದೊಡ್ಡ ಕ್ಯಾಲಿಬರ್‌ಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ, ಅಂದರೆ ದೊಡ್ಡದನ್ನು ಹಿಡಿದವನು ಕೊಲ್ಲಲೇಬೇಕು ಅಂತ ಹೆಚ್ಚು ಗುರಿಯಿಟ್ಟವನಲ್ಲ, ಆದರೂ ದೊಡ್ಡ ಕ್ಯಾಲಿಬರ್ ಗುಂಡಿಗೆ ಸತ್ತವರು ಜಾಸ್ತಿ. ಎಲ್ಲವೂ ಸಣ್ಣ ಕ್ಯಾಲಿಬರ್ ಆಗಿದ್ದರೆ ಕೊಲೆಗಳು ಶೇ. 40ರಷ್ಟು ಕಡಿಮೆಯಾಗುತ್ತಿದ್ದವು ಅಂತ ಅವರ ಲೆಕ್ಕ. 'ಕೊಲ್ಲುವವನು ಹೇಗಾದರೂ ಕೊಲ್ಲುತ್ತಾನೆ' ಅನ್ನುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಸರಿ, ಕಾನೂನಿಂದ ಇದು ತಗ್ಗುತ್ತದಾ? ಎಂಥ ಕಾನೂನು ಅನ್ನುವುದರ ಮೇಲಿದೆ. ನಮ್ಮ ಮಲೆನಾಡಿನಲ್ಲಿ ಬೆಳೆ ಕಾಯಲು ಕೋವಿ ಬೇಕೆಂದರೂ ಲೈಸೆನ್ಸ್‌ಗೆ ಅಲೆಯಬೇಕು, ಚುನಾವಣೆ ಬಂದಾಗ ಠಾಣೆಗೆ ಕೊಟ್ಟು ಬರಬೇಕು. ಅಮೆರಿಕದ ಮಿಸೌರಿಯಲ್ಲೂ ಕೈಬಂದೂಕು ಕೊಳ್ಳುವ ಮೊದಲು ಶೆರಿಫ್ (ಅಲ್ಲಿನ ಜಿಲ್ಲಾ ಪೊಲೀಸ್ ಅಧಿಕಾರಿ) ಕಚೇರಿಗೆ ಹೋಗಿ ಪರವಾನಗಿ ತರಬೇಕಿತ್ತು. 2007ರಲ್ಲಿ ಅದನ್ನು ತೆಗೆದುಹಾಕಿದರು. ಮುಂದಿನ ವರ್ಷಗಳಲ್ಲಿ ಬಂದೂಕಿನ ಕೊಲೆ ಪ್ರಮಾಣ ಸುಮಾರು ಕಾಲು ಭಾಗ ಏರಿತು. ಬೇರೆ ಆಯುಧಗಳ ಕೊಲೆ ಹಾಗೆ ಏರಲಿಲ್ಲ. ಇನ್ನೊಂದು ಸುಳಿವೂ ಇದೆ: ಅಪರಾಧಗಳಲ್ಲಿ ಪೊಲೀಸರಿಗೆ ಸಿಕ್ಕ ಬಂದೂಕುಗಳ ಪೈಕಿ ಅದೇ ರಾಜ್ಯದ ಅಂಗಡಿಯಲ್ಲಿ ಇತ್ತೀಚೆಗಷ್ಟೇ ಕೊಂಡವುಗಳ ಪಾಲು ಹೆಚ್ಚಾಯಿತು. ಒಬ್ಬನ ಹೆಸರಲ್ಲಿ ಕೊಂಡು ಇನ್ನೊಬ್ಬನಿಗೆ ದಾಟಿಸುವುದು ಸುಲಭವಾದರೆ ಆಗುವುದೇ ಇದು ಅಲ್ವಾ?

ಆದರೆ ಕ್ಯಾಲಿಫೋರ್ನಿಯಾ 1991ರಲ್ಲಿ ಎಲ್ಲ ಮಾರಾಟಕ್ಕೂ ಹಿನ್ನೆಲೆ ತಪಾಸಣೆ (ಕೊಳ್ಳುವವನ ಮೇಲೆ ಹಳೇ ಅಪರಾಧ ಇದೆಯಾ ಅಂತ ದಾಖಲೆ ನೋಡುವುದು) ಕಡ್ಡಾಯ ಮಾಡಿತು, ಅಲ್ಲಿನ ಬಂದೂಕು ಕೊಲೆ ಪ್ರಮಾಣದಲ್ಲಿ ಅದರಿಂದ ಬದಲಾವಣೆ ಏನೂ ಕಾಣಲಿಲ್ಲ ಅಂತ ನಂತರದ ಅಧ್ಯಯನ ಹೇಳಿತು. ಅಂದರೆ ಸುಮ್ನೆ ತಪಾಸಣೆ ಸಾಲದು, ಕೊಳ್ಳುವವನು ತಾನೇ ಬಂದು ಅಧಿಕಾರಿಯ ಮುಂದೆ ನಿಲ್ಲಬೇಕು ಅನ್ನುವುದೇ ಕೆಲಸ ಮಾಡಿರಬೇಕು ಅಂತ ನನಗನ್ನಿಸುತ್ತದೆ. ಒಂದೆರಡು ರಾಜ್ಯಗಳ ಅನುಭವದಿಂದ ಎಲ್ಲವೂ ಇತ್ಯರ್ಥವಾಗುವುದಿಲ್ಲ, ಒಪ್ಪುತ್ತೇನೆ.

ಇಂಥ ಅಧ್ಯಯನಗಳು ಇನ್ನೂ ಇಷ್ಟು ಕಡಿಮೆ ಇರುವುದಕ್ಕೆ ಒಂದು ಕಾರಣ ಕೇಳಿದರೆ ಹೊಟ್ಟೆ ಉರಿಯುತ್ತದೆ. 1996ರಲ್ಲಿ ಅಮೆರಿಕದ ಸಂಸತ್ತು, ಬಂದೂಕು ನಿಯಂತ್ರಣದ ಪರ ಪ್ರಚಾರಕ್ಕೆ ಸರ್ಕಾರಿ ಆರೋಗ್ಯ ಸಂಸ್ಥೆಯಾದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಹಣ ಬಳಸಬಾರದು ಅಂತ ಷರತ್ತು ಹಾಕಿತು. ಜೊತೆಗೆ ಅದರ ಅನುದಾನದಲ್ಲಿ 26 ಲಕ್ಷ ಡಾಲರ್ ಕಿತ್ತುಕೊಂಡಿತು. ಆ ಕೇಂದ್ರ ಹಿಂದಿನ ವರ್ಷ ಬಂದೂಕು ಸಂಶೋಧನೆಗೆ ಖರ್ಚು ಮಾಡಿದ್ದು ಸರಿಯಾಗಿ ಅಷ್ಟೇ. ಈ ಸಂಶೋಧನೆಗೆ ಅಂತಲೇ ಮತ್ತೆ ಹಣ ಮಂಜೂರಾಗಿದ್ದು 2019ರ ಕೊನೆಗೆ.