ವ್ಯಾಟ್ ನೋಡಿ ಮೀಟ್ ಗ್ರೈಂಡರ್ ಕೊಳ್ಳಬೇಡಿ

ಮನೆಯಲ್ಲೇ ಸಾಸೇಜ್ ಮಾಡಲೆಂದು ವಿದ್ಯುತ್ ಮೀಟ್ ಗ್ರೈಂಡರ್ ಕೊಳ್ಳಹೊರಟವರ ಕಣ್ಣಿಗೆ ಮೊದಲು ಬೀಳುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವ್ಯಾಟ್. 1500, 2000, 3000. ಸಂಖ್ಯೆ ದೊಡ್ಡದಾದಷ್ಟೂ ಯಂತ್ರ ಗಟ್ಟಿ ಎಂದು ನಂಬಿ ಹಣ ತೆರುವವರೇ ಹೆಚ್ಚು. ಸಂಖ್ಯೆ ಸುಳ್ಳೇನಲ್ಲ. ಮೋಟಾರಿನ ದಂಡವನ್ನು ಅಲುಗದಂತೆ ಹಿಡಿದಿಟ್ಟು ವಿದ್ಯುತ್ ಹರಿಸಿದರೆ ಅದು ಎಷ್ಟು ಎಳೆದುಕೊಳ್ಳುತ್ತದೋ ಅದನ್ನೇ ಬಹಳಷ್ಟು ಕಂಪನಿಗಳು 'ಮ್ಯಾಕ್ಸ್' ಎಂದು ಬರೆಯುತ್ತವೆ. ಯಾಂತ್ರಿಕ ಶಕ್ತಿ ಎಂದರೆ ತಿರುಗುಬಲವನ್ನು, ಅಂದರೆ ಟಾರ್ಕನ್ನು, ತಿರುಗುವ ವೇಗದಿಂದ ಗುಣಿಸಿದಾಗ ಸಿಗುವ ಮೊತ್ತ. ವೇಗ ಸೊನ್ನೆಯಾದರೆ ಮೊತ್ತವೂ ಸೊನ್ನೆ. ಹಾಗಾಗಿ ಯಂತ್ರ 2000 ವ್ಯಾಟ್ ಎಳೆಯುವ ಆ ಗಳಿಗೆಯಲ್ಲಿ ಒಂದು ಚೂರು ಮಾಂಸವೂ ತುಂಡಾಗುತ್ತಿರುವುದಿಲ್ಲ. ಒಳಗಿನ ತಾಮ್ರದ ಸುರುಳಿ ಮಾತ್ರ ಕಾಯುತ್ತಿರುತ್ತದೆ.

ನೋಡಬೇಕಾದ್ದು ಯಂತ್ರದ ತಳದಲ್ಲಿ ಅಂಟಿಸಿರುವ ಪಟ್ಟಿಯಲ್ಲಿನ 'ರೇಟೆಡ್' ವ್ಯಾಟ್, ಅಂದರೆ ಬಿಡದೆ ಕೆಲಸ ಮಾಡುವಾಗಿನ ವ್ಯಾಟ್. ಮನೆಬಳಕೆಯ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ 300ರಿಂದ 600ರೊಳಗೆ ಇರುತ್ತದೆ, ಮತ್ತು ಅಷ್ಟು ಧಾರಾಳ ಸಾಕು. ಲೆಕ್ಕ ಹಾಕಿ ನೋಡಿ. 500 ವ್ಯಾಟಿನ ಮೋಟಾರಿನಿಂದ ಗಿಯರುಗಳನ್ನು ದಾಟಿ, ಮಾಂಸವನ್ನು ಮುಂದಕ್ಕೆ ನೂಕುವ ಸ್ಕ್ರೂವಿಗೆ 300 ವ್ಯಾಟ್ ತಲುಪಿತು, ಸ್ಕ್ರೂ ನಿಮಿಷಕ್ಕೆ 150 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ತಿರುಗುಬಲ ಸುಮಾರು 19 ನ್ಯೂಟನ್ ಮೀಟರ್. 20 ಸೆಂಟಿಮೀಟರ್ ಉದ್ದದ ಹಿಡಿಕೆಯ ತುದಿಯನ್ನು 10 ಕೆಜಿ ಭಾರದಷ್ಟು ಬಲದಿಂದ ಒತ್ತಿ ತಿರುಗಿಸಿದರೂ ಹೆಚ್ಚುಕಡಿಮೆ ಇಷ್ಟೇ ಸಿಗುತ್ತದೆ. ಅಂದರೆ ಕೈಯಿಂದ ತಿರುಗಿಸುವ ಹಳೆಯ ಯಂತ್ರಕ್ಕೂ ಇದಕ್ಕೂ ಬಲದಲ್ಲಿ ವ್ಯತ್ಯಾಸವಿಲ್ಲ, ವೇಗದಲ್ಲಿ ಮಾತ್ರ ಇದೆ. ರಟ್ಟೆ ನಿಮಿಷಕ್ಕೆ 40 ಸುತ್ತು ತಿರುಗಿಸೀತು. ಅದು ಸುಮಾರು 80 ವ್ಯಾಟ್. ಮೋಟಾರಿಲ್ಲದ ಕಾಲದಲ್ಲಿ ತಲೆಮಾರುಗಳ ಕಾಲ ಅಷ್ಟರಲ್ಲೇ ಒಳ್ಳೆಯ ಸಾಸೇಜ್ ಆಗಿದೆ.

ಹಾಗಾದರೆ ಸಾಸೇಜ್ ಕೆಡಿಸುವುದು ಯಾವುದು? ಬಿಸಿ. ಹಂದಿಯ ಬೆನ್ನಿನ ನೆಣ ಪೂರ್ತಿ ಕರಗುವುದು 30–40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಾದರೂ ಮೆತ್ತಗಾಗುವುದು ಅದಕ್ಕಿಂತ ಬಹಳ ಮೊದಲೇ. ಮೆತ್ತಗಾದ ನೆಣ ತುಂಡಾಗುವ ಬದಲು ಸವರಿಕೊಳ್ಳುತ್ತದೆ. ಕೆಂಪು ಮಾಂಸದ ಪ್ರತಿ ಚೂರಿನ ಮೇಲೂ ಜಿಡ್ಡಿನ ಪದರ ಕಟ್ಟಿ, ಚೂರುಗಳು ಒಂದಕ್ಕೊಂದು ಅಂಟದಂತೆ ಅಡ್ಡ ನಿಲ್ಲುತ್ತದೆ. ಬಾಣಲೆಗೆ ಹಾಕಿದಾಗ ಆ ಕೊಬ್ಬೆಲ್ಲ ಹೊರಗೆ ಹರಿದು, ಒಳಗೆ ಒಣಗಿದ ಪುಡಿ ಉಳಿಯುತ್ತದೆ. ತಪ್ಪು ಮಸಾಲೆಯದ್ದೋ ಉರಿಯದ್ದೋ ಎಂದು ಹುಡುಕುತ್ತಾರೆ. ತಪ್ಪು ಆಗಿರುವುದು ಅರೆಯುವಾಗ.

ಚೂರುಗಳನ್ನು ಅಂಟಿಸುವ ಗೋಂದು ಮಾಂಸದೊಳಗೇ ಇದೆ. 1864ರಲ್ಲಿ ಜರ್ಮನ್ ಶರೀರವಿಜ್ಞಾನಿ ವಿಲ್ಹೆಲ್ಮ್ ಕ್ಯೂನೆ ಸ್ನಾಯುವಿನಿಂದ ಉಪ್ಪುನೀರಿನಲ್ಲಿ ಒಂದು ಪ್ರೋಟೀನನ್ನು ಹೊರತೆಗೆದು ಅದಕ್ಕೆ ಮಯೋಸಿನ್ ಎಂದು ಹೆಸರಿಟ್ಟ. ಮುಂದೆ 'ಎನ್‌ಜೈಮ್' ಎಂಬ ಹೆಸರನ್ನು ಬಳಕೆಗೆ ತಂದವನೂ ಇವನೇ. ಸಾಸೇಜ್ ಮಾಡುವವರು ಅವನಿಗಿಂತ ಶತಮಾನಗಳ ಮೊದಲಿನಿಂದ ಇದೇ ಪ್ರಯೋಗ ಮಾಡುತ್ತ ಬಂದಿದ್ದರು, ಪಾತ್ರೆ ಬೇರೆ ಅಷ್ಟೆ. ಕೆಜಿ ಮಾಂಸಕ್ಕೆ 15–18 ಗ್ರಾಂ ಉಪ್ಪು ಬೆರೆಸಿ ನಾದಿದಾಗ ಮಯೋಸಿನ್ ಕರಗಿ ಹೊರಬಂದು ಮಿಶ್ರಣ ಅಂಟಂಟಾಗುತ್ತದೆ. ಬೇಯುವಾಗ ಅದೇ ಜಾಲದಂತೆ ಗಟ್ಟಿಯಾಗಿ ನೀರನ್ನೂ ಕೊಬ್ಬನ್ನೂ ಹಿಡಿದಿಡುತ್ತದೆ. ನೆಣ ಮೊದಲೇ ಸವರಿಕೊಂಡಿದ್ದರೆ ಈ ಗೋಂದಿಗೆ ಅಂಟಲು ಜಾಗವೇ ಇರುವುದಿಲ್ಲ.

ಈ ಬಿಸಿ ಬರುವುದು ಎರಡು ಕಡೆಯಿಂದ. ಒಂದು, ಮೋಟಾರಿನ ಶ್ರಮ. ಸ್ಕ್ರೂವಿಗೆ ತಲುಪಿದ 300 ವ್ಯಾಟ್ ಕೊನೆಗೆ ಬಹುಪಾಲು ಶಾಖವಾಗಿ ಮಾಂಸಕ್ಕೇ ಸೇರುತ್ತದೆ. ನಿಮಿಷಕ್ಕೆ ಒಂದೂವರೆ ಕೆಜಿ ಅರೆದರೆ ಪ್ರತಿ ಕೆಜಿಗೆ 12 ಕಿಲೋಜೂಲ್. ಒಂದು ಕೆಜಿ ಮಾಂಸದ ತಾಪ ಒಂದು ಡಿಗ್ರಿ ಏರಲು ಸುಮಾರು 3.5 ಕಿಲೋಜೂಲ್ ಬೇಕು; ಆದ್ದರಿಂದ ಏರಿಕೆ ಮೂರು ಡಿಗ್ರಿ ಚಿಲ್ಲರೆ. ಅಲಗು ಮೊಂಡಾಗಿ ಅದೇ ಶಕ್ತಿಗೆ ಅರ್ಧದಷ್ಟು ಮಾಂಸ ಹೊರಬಂದರೆ ಏರಿಕೆ ಏಳು ಡಿಗ್ರಿ. ಎರಡನೆಯದು ಯಾರೂ ಲೆಕ್ಕಕ್ಕೆ ಹಿಡಿಯದ್ದು: ಸ್ಕ್ರೂ, ಅಲಗುಗಳು ಕೂರುವ ಯಂತ್ರದ ತಲೆಭಾಗದ ಲೋಹ. ಒಂದು ಕೆಜಿ ತೂಕದ ಅಲ್ಯೂಮಿನಿಯಂ ತಲೆ ಕೋಣೆಯ 25 ಡಿಗ್ರಿಯಿಂದ 3 ಡಿಗ್ರಿಗೆ ಇಳಿಯುವಾಗ 20 ಕಿಲೋಜೂಲಿನಷ್ಟು ಶಾಖ ಬಿಡುತ್ತದೆ. ಮೊದಲ ಕೆಜಿ ಮಾಂಸವೇ ಅದನ್ನೆಲ್ಲ ನುಂಗಿದರೆ ತಾಪ ಐದಾರು ಡಿಗ್ರಿ ಜಿಗಿಯುತ್ತದೆ. ತಲೆ, ಸ್ಕ್ರೂ, ಅಲಗುಗಳನ್ನು ಒಂದು ಗಂಟೆ ಫ್ರೀಜರಿನಲ್ಲಿಟ್ಟು ತೆಗೆದರೆ ಇಷ್ಟೂ ತಪ್ಪಿತು, ಖರ್ಚಿಲ್ಲದೆ.

ಮಾಂಸವನ್ನೂ ಹೊರಗೆ ಮುಟ್ಟಿದರೆ ಬಿರುಸಾಗಿ, ಒಳಗೆ ಮೆತ್ತಗಿರುವಷ್ಟು ಹೆಪ್ಪುಗಟ್ಟಿಸಬೇಕು. ಮಾಂಸದ ನೀರು ಹೆಪ್ಪುಗಟ್ಟತೊಡಗುವುದು ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ. ಕೆಜಿಯಲ್ಲಿ 50 ಗ್ರಾಂ ನೀರು ಹಿಮವಾಗಿದ್ದರೂ ಅದು ಕರಗಲು ಸುಮಾರು 17 ಕಿಲೋಜೂಲ್ ಹೀರುತ್ತದೆ. ಹರಿತವಾದ ಅಲಗು ಉಂಟುಮಾಡುವ ಶಾಖವೆಲ್ಲ ಅದರಲ್ಲೇ ಮುಗಿದುಹೋಗುತ್ತದೆ. ಹಾಗೆಂದು ಕಲ್ಲಿನಂತೆ ಗಟ್ಟಿಯಾದ ತುಂಡು ಹಾಕಿದರೆ ಗಿಯರಿನ ಹಲ್ಲು ಹೋಗುತ್ತದೆ.

ಮೊಂಡು ಅಲಗು ಎಷ್ಟು ಶಾಖ ಹುಟ್ಟಿಸಬಲ್ಲದು ಎಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲೇ ಒಂದು ಪ್ರಸಿದ್ಧ ಸಾಕ್ಷಿಯಿದೆ. ಮ್ಯೂನಿಕ್ಕಿನ ಶಸ್ತ್ರಾಗಾರದಲ್ಲಿ ಫಿರಂಗಿ ಕೊರೆಯುವ ಕೆಲಸ ನೋಡಿಕೊಳ್ಳುತ್ತಿದ್ದ ಕೌಂಟ್ ರಮ್‌ಫರ್ಡ್, ಬೇಕೆಂದೇ ಮೊಂಡಾದ ಬೈರಿಗೆಯನ್ನು ಹಿತ್ತಾಳೆಯ ದಿಂಡಿಗೆ ಒತ್ತಿ, ಸುತ್ತ ನೀರು ತುಂಬಿ, ಕುದುರೆಯ ಬಲದಿಂದ ತಿರುಗಿಸಿದ. ಎರಡೂವರೆ ಗಂಟೆಯಲ್ಲಿ ಬೆಂಕಿಯೇ ಇಲ್ಲದೆ ನೀರು ಕುದಿಯಿತು. ಶಾಖವೆಂಬುದು ವಸ್ತುವಿನೊಳಗೆ ಅಡಗಿರುವ ದ್ರವ, ಲೋಹ ಚೂರಾದಾಗ ಅದು ಹೊರಬರುತ್ತದೆ ಎಂದು ಅಂದಿನ ಪಂಡಿತರು ನಂಬಿದ್ದರು. ಇಲ್ಲಿ ಚೂರು ಬಿದ್ದದ್ದು ತೀರ ಕಡಿಮೆ, ಶಾಖ ಮಾತ್ರ ಮುಗಿಯದಷ್ಟು. ಚಲನೆಯೇ ಶಾಖವಾಗುತ್ತಿದೆ ಎಂದು ಅವನು 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಾದಿಸಿದ. ಕತ್ತರಿಸದ ಅಲಗು ಉಜ್ಜುತ್ತದೆ, ಉಜ್ಜಿದ್ದು ಕಾಯುತ್ತದೆ. ಗ್ರೈಂಡರಿನೊಳಗೆ ನಡೆಯುವುದೂ ಇದೇ.

ಆದ್ದರಿಂದ ಯಂತ್ರದ ಜೀವ ಇರುವುದು ನಾಲ್ಕು ರೆಕ್ಕೆಯ ಅಲಗು ಮತ್ತು ಅದಕ್ಕೆ ಒತ್ತಿ ಕೂರುವ ತೂತುಬಿಲ್ಲೆಯಲ್ಲಿ. ಅಲಗೊಂದೇ ಕತ್ತರಿಸುತ್ತದೆ ಎಂಬುದು ತಪ್ಪು ಕಲ್ಪನೆ. ಸ್ಕ್ರೂ ಮಾಂಸವನ್ನು ಬಿಲ್ಲೆಯ ತೂತಿನೊಳಗೆ ನೂಕುತ್ತದೆ. ತೂತಿನ ಅಂಚು ಒಂದು ಬಾಯಿ, ಹಾದುಹೋಗುವ ರೆಕ್ಕೆಯ ಅಂಚು ಇನ್ನೊಂದು ಬಾಯಿ. ತಿರುಪು ಸಡಿಲವಾದ ಕತ್ತರಿ ಬಟ್ಟೆಯನ್ನು ಕತ್ತರಿಸದೆ ಮಡಿಚಿ ಒಳಗೆಳೆದುಕೊಳ್ಳುವುದನ್ನು ನೋಡಿದ್ದೀರಲ್ಲ? ಅಲಗಿಗೂ ಬಿಲ್ಲೆಗೂ ಕೂದಲೆಳೆಯಷ್ಟು ಸಂದು ಬಿದ್ದರೂ ಅದೇ ಗತಿ: ಬಿಳಿ ನಾರು ಆ ಸಂದಿನಲ್ಲಿ ಮಡಿಚಿಕೊಳ್ಳುತ್ತದೆ, ಮುಂದಿನ ರೆಕ್ಕೆ ಅದನ್ನು ಇನ್ನಷ್ಟು ಎಳೆಯುತ್ತದೆ, ಕೊನೆಗೆ ಅಲಗಿನ ಸುತ್ತ ನಾರಿನ ಸಿಂಬಿ ಸುತ್ತಿಕೊಂಡು ಹಿಂದಿನಿಂದ ಬರುವ ಮಾಂಸವೆಲ್ಲ ಜಜ್ಜಿಹೋಗುತ್ತದೆ.

ಇದನ್ನು ಕೊಳ್ಳುವಾಗಲೇ ಪರೀಕ್ಷಿಸಬಹುದು. ಅಲಗಿನ ಚಪ್ಪಟೆ ಮೈಯನ್ನು ಬಿಲ್ಲೆಗೆ ಒತ್ತಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕಿನ ಗೆರೆ ಕಂಡರೆ ಆ ಜೋಡಿ ಬೇಡ. ಕಡಿಮೆ ಬೆಲೆಯ ಯಂತ್ರಗಳಲ್ಲಿ ಅಚ್ಚೊತ್ತಿದ ತಗಡಿನ ಅಲಗು ಬರುತ್ತದೆ, ಅದರ ನಾಲ್ಕು ರೆಕ್ಕೆ ಒಂದೇ ಮಟ್ಟದಲ್ಲಿರುವುದೇ ಅಪರೂಪ. ದಪ್ಪ ಉಕ್ಕಿನಲ್ಲಿ ಮಾಡಿ, ಮೈ ಮಟ್ಟಸವಾಗಿ ಸಾಣೆ ಹಿಡಿದದ್ದು ಬೇಕು. ಜೋಡಿಸುವಾಗ ಚಪ್ಪಟೆ ಮೈ ಬಿಲ್ಲೆಯ ಕಡೆಗೇ ಇರಬೇಕು. ಹೊಸ ಯಂತ್ರ 'ಕತ್ತರಿಸುತ್ತಲೇ ಇಲ್ಲ' ಎಂಬ ದೂರುಗಳಲ್ಲಿ ಬಹಳಷ್ಟು ಅಲಗನ್ನು ತಿರುಗಾಮುರುಗಾ ಹಾಕಿದ ಕಥೆಗಳೇ. ಒಂದು ಅಲಗು ಒಂದು ಬಿಲ್ಲೆಯ ಜೊತೆ ಸವೆದು ಹೊಂದಿಕೊಳ್ಳುವುದರಿಂದ ಜೋಡಿಗಳನ್ನು ಅದಲುಬದಲು ಮಾಡಬಾರದು. ಮೊಂಡಾದರೆ ಗಾಜಿನ ಹಲಗೆಯ ಮೇಲೆ 400 ನಂಬರಿನ ನೀರಿನ ಮರಳುಕಾಗದ ಹರಡಿ, ಎರಡನ್ನೂ ಒಂದೊಂದಾಗಿ ಎಂಟರ ಆಕಾರದಲ್ಲಿ ಉಜ್ಜಿದರೆ ಮಟ್ಟ ಮರಳುತ್ತದೆ. ಐಸ್ ತುಂಡು ಹಾಕಿ ಓಡಿಸಿದರೆ ಅಲಗು ಹರಿತವಾಗುತ್ತದೆ ಎಂಬ ಮಾತು ಮಾತ್ರ ಶುದ್ಧ ಮೂಢನಂಬಿಕೆ. ಉಕ್ಕಿಗಿಂತ ಎಷ್ಟೋ ಮೆದುವಾದ ಹಿಮ ಉಕ್ಕನ್ನು ಸಾಣೆ ಹಿಡಿಯುವುದಾದರೂ ಹೇಗೆ?

ಇನ್ನು ಗಾತ್ರ. ಗ್ರೈಂಡರುಗಳಿಗೆ 5, 8, 12, 22, 32 ಎಂಬ ನಂಬರುಗಳಿವೆ, ಕೈಯಂತ್ರಗಳ ಕಾಲದಿಂದ ಉಳಿದುಬಂದವು. ನಂಬರು ಹೇಳುವುದು ಬಿಲ್ಲೆಯ ವ್ಯಾಸವನ್ನು: 5 ಎಂದರೆ ಸುಮಾರು 54 ಮಿಲಿಮೀಟರ್, 8 ಎಂದರೆ 62, 12 ಎಂದರೆ 70, 22 ಎಂದರೆ 82. ಒಮ್ಮೆಗೆ ಎರಡು-ಮೂರು ಕೆಜಿ ಮಾಡುವವರಿಗೆ 8 ಸಾಕು, ಐದಾರು ಕೆಜಿ ದಾಟುವವರಿಗೆ 12. ಕಂಪನಿಯ ಸ್ವಂತ ಅಳತೆಯ ಬಿಲ್ಲೆಯಿರುವ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಕೊಳ್ಳಬಾರದು. ಅಲಗು ಸವೆದ ದಿನ ಯಂತ್ರವನ್ನೇ ಎಸೆಯಬೇಕಾಗುತ್ತದೆ. ಬಿಲ್ಲೆ ಎರಡಾದರೂ ಬೇಕು: 8 ಅಥವಾ 10 ಮಿಲಿಮೀಟರ್ ತೂತಿನದೊಂದು, 4.5 ಅಥವಾ 5ರದ್ದೊಂದು. ಮೊದಲೇ ಸಣ್ಣ ತೂತಿನಲ್ಲಿ ಅರೆದರೆ ಒತ್ತಡ ಏರಿ ನೆಣ ಸವರಿಕೊಳ್ಳುತ್ತದೆ.

ತಲೆ ಸ್ಟೇನ್‌ಲೆಸ್ ಉಕ್ಕಿನದಾದರೆ ಉತ್ತಮ. ಅಲ್ಯೂಮಿನಿಯಂ ಆದರೆ ಡಿಶ್‌ವಾಷರಿಗೆ ಹಾಕಲೇಬಾರದು: ಅದರ ಕ್ಷಾರಯುಕ್ತ ಪುಡಿ ಲೋಹದ ರಕ್ಷಣೆಯ ಆಕ್ಸೈಡ್ ಪದರವನ್ನು ತಿಂದುಹಾಕಿ, ಮುಟ್ಟಿದರೆ ಕೈಗೆ ಬೂದುಕಪ್ಪು ಮಸಿ ಹತ್ತುತ್ತದೆ. ಗಿಯರುಗಳು ಲೋಹದವಾಗಿರಲಿ. ಕೆಲವು ಯಂತ್ರಗಳಲ್ಲಿ ಸ್ಕ್ರೂವಿನ ಬುಡದಲ್ಲಿ ಬೇಕೆಂದೇ ಒಂದು ಪ್ಲಾಸ್ಟಿಕ್ ಜೋಡಣೆ ಇಟ್ಟಿರುತ್ತಾರೆ. ಮೂಳೆ ಸಿಕ್ಕಿಕೊಂಡರೆ ಮೋಟಾರು ಸುಡುವ ಮೊದಲು ಅದು ಮುರಿಯಲಿ ಎಂದು. ಅದು ದೋಷವಲ್ಲ, ಬದಲಿ ಬಿಡಿಭಾಗ ಸಿಗುತ್ತದೆಯೇ ಎಂದು ಮಾತ್ರ ಕೇಳಿಕೊಳ್ಳಿ. ಹಿಮ್ಮುಖ ತಿರುಗುವ ಗುಂಡಿ ಇರಲೇಬೇಕು. ಮುಂದೆ ತಿರುಗುತ್ತಿರುವಾಗಲೇ ಅದನ್ನು ಒತ್ತದೆ, ಪೂರ್ತಿ ನಿಂತ ಮೇಲೆ ಒತ್ತಬೇಕು.

ಅರೆಯುವ ಮೊದಲು ಬಿಳಿ ಪೊರೆ, ನಾರುಗಳನ್ನು ಬಿಡಿಸಿ, ಎರಡು-ಮೂರು ಸೆಂಟಿಮೀಟರ್ ದಪ್ಪದ ಉದ್ದ ಪಟ್ಟಿಗಳಾಗಿ ಕೊಯ್ದುಕೊಳ್ಳಿ. ಪಟ್ಟಿಯ ತುದಿ ಸಿಕ್ಕರೆ ಸ್ಕ್ರೂ ಉಳಿದದ್ದನ್ನು ತಾನೇ ಎಳೆದುಕೊಳ್ಳುತ್ತದೆ. ಕೋಲಿನಿಂದ ಅದುಮುವ ಅಗತ್ಯ ಬಿದ್ದರೆ ಏನೋ ಕೆಟ್ಟಿದೆ ಎಂದರ್ಥ. ನೆಣ ಒಟ್ಟು ತೂಕದ ನಾಲ್ಕನೇ ಒಂದು ಭಾಗದಷ್ಟಿರಲಿ. ಬಿಲ್ಲೆಯನ್ನು ಹಿಡಿದಿಡುವ ಮುಂಭಾಗದ ರಿಂಗನ್ನು ಕೈಯಿಂದ ಬಿಗಿಯುವವರೆಗೆ ತಿರುಗಿಸಿ, ಉಪಕರಣ ಹಾಕಬೇಡಿ: ಅತಿ ಬಿಗಿಯಾದರೆ ಉಕ್ಕು ಉಕ್ಕನ್ನು ತೇದು ಬೂದು ಪುಡಿ ಮಾಂಸಕ್ಕೆ ಸೇರುತ್ತದೆ. ಮಾಂಸವಿಲ್ಲದೆ ಯಂತ್ರ ಓಡಿಸಿದರೂ ಅದೇ, ಏಕೆಂದರೆ ಅಲಗಿಗೆ ಎಣ್ಣೆಯ ಕೆಲಸ ಮಾಡುವುದು ಮಾಂಸದ ರಸವೇ. ಬೆರಳನ್ನಂತೂ ಮಾಂಸ ಹಾಕುವ ಗಂಟಲಿನ ಹತ್ತಿರ ತರಬೇಡಿ.

ತೂತುಗಳಿಂದ ಹೊರಬರುವುದನ್ನು ಹತ್ತಿರದಿಂದ ನೋಡುತ್ತಿರಿ. ಕೆಂಪು ಎಳೆ, ಬಿಳಿ ಚುಕ್ಕೆ ಬೇರೆಬೇರೆಯಾಗಿ, ಅಂಚು ಚೂಪಾಗಿ ಕಂಡರೆ ಸರಿ. ಎಲ್ಲವೂ ಒಂದೇ ಬಣ್ಣದ ತಿಳಿಗುಲಾಬಿ ಮುದ್ದೆಯಾಗಿ ಹುಳುಹುಳುವಾಗಿ ಬರತೊಡಗಿತೋ, ಮೋಟಾರಿನ ದನಿ ಭಾರವಾಯಿತೋ, ಗಂಟಲಿನಲ್ಲಿ ರಸ ಮೇಲುಕ್ಕಿತೋ, ತಕ್ಷಣ ನಿಲ್ಲಿಸಿ ಪ್ಲಗ್ ಕಿತ್ತು ಅಲಗು ಬಿಚ್ಚಿ ನಾರು ತೆಗೆಯಿರಿ. ಮುದ್ದೆಯಾದದ್ದನ್ನು ಮತ್ತೆ ತಣ್ಣಗೆ ಮಾಡಿದರೂ ಸರಿಹೋಗುವುದಿಲ್ಲ. ಮೊದಲ ಸುತ್ತು ಮುಗಿದ ಮೇಲೆ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಎರಡನೇ ಬಿಲ್ಲೆಗೆ ಹೋಗಿ. ಬಳಿಕ ಕೆಜಿಗೆ 50–80 ಮಿಲಿಲೀಟರ್ ಐಸ್‌ನೀರು ಸೇರಿಸಿ, ಒಂದು ಹಿಡಿ ಮಿಶ್ರಣ ಬೋರಲು ಹಾಕಿದ ಅಂಗೈಗೆ ಅಂಟಿ ನಿಲ್ಲುವವರೆಗೆ ನಾದಬೇಕು. ಥರ್ಮಾಮೀಟರ್ 12 ಡಿಗ್ರಿ ದಾಟಿದರೆ ನಿಲ್ಲಿಸಿ ಮತ್ತೆ ತಣಿಸಿ.

ತುಂಡು ಮಾಂಸದಲ್ಲಿ ಮೇಲ್ಮೈಯಲ್ಲಷ್ಟೇ ಇದ್ದ ಬ್ಯಾಕ್ಟೀರಿಯಾ ಅರೆದ ಮೇಲೆ ಒಳಗೆಲ್ಲ ಹರಡಿರುತ್ತದೆ. ಅದಕ್ಕೇ ಸಾಸೇಜಿನ ನಡುಭಾಗ 71 ಡಿಗ್ರಿ ಮುಟ್ಟಬೇಕು, ಕೋಳಿಯದಾದರೆ 74.

ಕರುಳಿಗೆ ತುಂಬಲು ಗ್ರೈಂಡರಿನ ಜೊತೆ ಪ್ಲಾಸ್ಟಿಕ್ ಕೊಳವೆಯೊಂದು ಉಚಿತವಾಗಿ ಬರುತ್ತದೆ. ಅದನ್ನು ನೋಡಿ ಯಂತ್ರ ಆರಿಸಬೇಡಿ. ಸ್ಕ್ರೂವಿನ ಮೂಲಕ ಇನ್ನೊಮ್ಮೆ ಹಾಯುವ ಮಿಶ್ರಣ ಇನ್ನೊಮ್ಮೆ ತಿಕ್ಕಾಡಿ ಬಿಸಿಯಾಗುತ್ತದೆ, ಗಾಳಿಗುಳ್ಳೆ ಸೇರುತ್ತದೆ, ಅಷ್ಟು ಹೊತ್ತು ಕಾಪಾಡಿದ ನೆಣ ಕೊನೆಯ ಐದು ನಿಮಿಷದಲ್ಲಿ ಹಾಳಾಗುತ್ತದೆ. ಅನಿವಾರ್ಯವಾದರೆ ಅಲಗನ್ನೂ ತೂತುಬಿಲ್ಲೆಯನ್ನೂ ತೆಗೆದು, ಸ್ಕ್ರೂವಿನ ತುದಿಯನ್ನು ಹಿಡಿದಿಡುವ ಆಧಾರದ ಬಿಲ್ಲೆಯನ್ನಷ್ಟೇ ಕೂರಿಸಿ, ನಿಧಾನವಾದ ವೇಗದಲ್ಲಿ ತುಂಬಿ. ಪೆಟ್ಟಿಗೆಯ ಮೇಲಿನ ವ್ಯಾಟಿಗೆ ತೆರಬೇಕೆಂದಿದ್ದ ಹೆಚ್ಚಿನ ಹಣ ಉಳಿದಿದ್ದರೆ, ಹಿಡಿಕೆ ತಿರುಗಿಸಿ ಪಿಸ್ಟನ್ನಿನಿಂದ ಒತ್ತುವ ಪ್ರತ್ಯೇಕ ತುಂಬುಯಂತ್ರ ಕೊಳ್ಳಿ. ಅದಕ್ಕೆ ಮೋಟಾರೇ ಬೇಡ.